ವಿಲಿಯಮ್ಸ್‌ಬರ್ಗಿಗೆ ಹೋಗುವವರು ಹಿರಿಯರನ್ನೂ ಕರೆದೊಯ್ಯಿರಿ

ರಾಜ್ಯೋತ್ಸವದ ಗಡಿಬಿಡಿ ಮುಗಿಯಿತು. ಈಗ ಎಲ್ಲರ ಬಾಯಲ್ಲೂ ಒಂದೇ ಮಾತು: ಡಿಸೆಂಬರ್ ರಜೆಗೆ ಮಕ್ಕಳನ್ನು ಎಲ್ಲಿಗೆ ಕರೆದುಕೊಂಡು ಹೋಗೋಣ? ವಾಷಿಂಗ್ಟನ್ ಸುತ್ತಮುತ್ತ ಇರುವ ನಮ್ಮವರು ವರ್ಜೀನಿಯಾದಲ್ಲಿ 18ನೇ ಶತಮಾನದ ಊರನ್ನೇ ಮ್ಯೂಸಿಯಂ ಆಗಿ ಉಳಿಸಿರುವ ಕಲೋನಿಯಲ್ ವಿಲಿಯಮ್ಸ್‌ಬರ್ಗ್ ಹೆಸರು ಕೇಳಿಯೇ ಇರುತ್ತೀರಿ. ಹಲವರು ಹೋಗಿಯೂ ಬಂದಿದ್ದೀರಿ. ಆದರೆ ಅರ್ಧ ದಿನದಲ್ಲಿ ಒಂದು ಸುತ್ತು ಹಾಕಿ, ನಾಲ್ಕು ಫೋಟೋ ತೆಗೆದು ವಾಪಸ್ ಬಂದರೆ ಅಲ್ಲಿನ ಮುಖ್ಯವಾದದ್ದೇ ಕೈತಪ್ಪುತ್ತದೆ. ಊರಿಂದ ಬಂದ ಅಪ್ಪ-ಅಮ್ಮ, ಅತ್ತೆ-ಮಾವ ಈಗ ಮನೆಯಲ್ಲಿದ್ದರೆ, ಅವರ ಜೊತೆ ಹೋಗಲು ಅಮೆರಿಕದಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಕಡಿಮೆ. ಯಾಕೆಂದು ಹೇಳುತ್ತೇವೆ.

ವಿಲಿಯಮ್ಸ್‌ಬರ್ಗ್ 1699ರಿಂದ 1780ರವರೆಗೆ ವರ್ಜೀನಿಯಾದ ರಾಜಧಾನಿಯಾಗಿತ್ತು. ರಾಜಧಾನಿ ರಿಚ್ಮಂಡ್‌ಗೆ ಹೋದ ಮೇಲೆ ಊರು ಮೂಲೆಗುಂಪಾಯಿತು. ಆ ಕಾರಣಕ್ಕೇ ಹಳೆಯ ಮನೆಗಳು ಕೆಡವದೆ ಉಳಿದವು. 1926ರಲ್ಲಿ ಗುಡ್ವಿನ್ ಎಂಬ ಪಾದ್ರಿಗಳ ಒತ್ತಾಸೆಗೆ ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಹಣ ಕೊಟ್ಟು ಜೀರ್ಣೋದ್ಧಾರ ಶುರುಮಾಡಿಸಿದರು. ಸುಮಾರು 300 ಎಕರೆಯಲ್ಲಿ 80ಕ್ಕೂ ಹೆಚ್ಚು ಮೂಲ ಕಟ್ಟಡಗಳಿವೆ. ಗವರ್ನರ್ ಅರಮನೆ, ಶಾಸನಸಭೆ ಸೇರುತ್ತಿದ್ದ ಕ್ಯಾಪಿಟಲ್‌ನಂಥವು ಸುಟ್ಟುಹೋಗಿದ್ದವು. ಅವನ್ನು ಹಳೆಯ ಅಡಿಪಾಯದ ಮೇಲೆ ಮತ್ತೆ ಕಟ್ಟಿದ್ದಾರೆ.

ಅಲ್ಲಿ ಹಳೇ ಕಾಲದ ಉಡುಪು ತೊಟ್ಟವರಲ್ಲಿ ಎರಡು ಬಗೆ ಇದ್ದಾರೆ. ಇದು ಗೊತ್ತಿಲ್ಲದೆ ಹೋದರೆ ಮಕ್ಕಳಿಗೆ ಗೊಂದಲವಾಗುತ್ತದೆ. ಜೆಫರ್ಸನ್, ಪ್ಯಾಟ್ರಿಕ್ ಹೆನ್ರಿ ಮುಂತಾದ ಆ ಕಾಲದ ನಾಯಕರ ಪಾತ್ರ ಮಾಡುವವರು ಪಾತ್ರ ಬಿಟ್ಟು ಆಚೆ ಬರುವುದಿಲ್ಲ. ಫೋನ್ ತೋರಿಸಿದರೆ ಅದೇನೆಂದು ಅವರೇ ಕೇಳುತ್ತಾರೆ. ಕಸುಬಿನ ಅಂಗಡಿಗಳಲ್ಲಿ ಇರುವವರು ನಟರಲ್ಲ, ಆ ಕೆಲಸವನ್ನು ವರ್ಷಗಟ್ಟಲೆ ಕಲಿತ ನಿಜವಾದ ಕುಶಲಕರ್ಮಿಗಳು. ಅವರು ಇವತ್ತಿನ ಮನುಷ್ಯರಾಗಿಯೇ ಮಾತಾಡುತ್ತಾರೆ. ಕಬ್ಬಿಣ ಎಲ್ಲಿಂದ ಬರುತ್ತಿತ್ತು, ಕಲಿಯಲು ಎಷ್ಟು ವರ್ಷ ಬೇಕು, ಕೊಳ್ಳುತ್ತಿದ್ದವರು ಯಾರು ಎಂದು ಏನನ್ನಾದರೂ ಕೇಳಬಹುದು. ಕೇಳಿದಷ್ಟೂ ಹೇಳುತ್ತಾರೆ, ಕೇಳದಿದ್ದರೆ ಸುಮ್ಮನೆ ಕೆಲಸ ಮಾಡುತ್ತಿರುತ್ತಾರೆ. ಹತ್ತರಲ್ಲಿ ಒಂಬತ್ತು ಮಂದಿ ಬಾಗಿಲಲ್ಲಿ ನಿಂತು ನೋಡಿ ಮುಂದೆ ಹೋಗಿಬಿಡುತ್ತಾರೆ. ಒಂದು ದಿನಕ್ಕೆ ನಾಲ್ಕೈದು ಅಂಗಡಿ ಸಾಕು, ಒಂದೊಂದರಲ್ಲಿ ಅರ್ಧ ಗಂಟೆಯಾದರೂ ನಿಲ್ಲಿ.

ಕಮ್ಮಾರನ ಅಂಗಡಿಯಿಂದಲೇ ಶುರುಮಾಡಿ. ಮೊಳೆ ಮಾಡುವುದನ್ನು ಪೂರ್ತಿ ನೋಡಿ, ಒಂದು ಮೊಳೆಗೆ ಒಂದು ನಿಮಿಷವೂ ಹಿಡಿಯುವುದಿಲ್ಲ. ತೆಳ್ಳನೆಯ ಸರಳನ್ನು ಕುಲುಮೆಯಲ್ಲಿ ಕಾಯಿಸಿ, ಅಡಿಗಲ್ಲಿನ ಮೇಲಿಟ್ಟು ನಾಲ್ಕೂ ಮೈ ತಿರುಗಿಸುತ್ತಾ ಬಡಿದು ಚೂಪು ಮಾಡುತ್ತಾರೆ. ಆಮೇಲೆ ಬೇಕಾದ ಉದ್ದಕ್ಕೆ ಉಳಿಯ ಅಲಗಿನ ಮೇಲಿಟ್ಟು ಒಂದು ಏಟು ಹಾಕಿ, ಪೂರ್ತಿ ತುಂಡಾಗದಂತೆ ಕಚ್ಚು ಮಾಡುತ್ತಾರೆ. ಚೌಕ ತೂತಿರುವ ದಪ್ಪ ಪಟ್ಟಿಯೊಳಗೆ ಚೂಪು ತುದಿ ಇಳಿಸಿ ಸರಳನ್ನು ತಿರುಚಿ ಮುರಿಯುತ್ತಾರೆ. ಮೇಲೆ ಉಳಿದ ಮೋಟಿನ ಮೇಲೆ ನಾಲ್ಕೈದು ಏಟು ಬಿದ್ದರೆ ಮೊಳೆಗೆ ತಲೆ ಕೂತಿತು. ನೀರಿಗೆ ಅದ್ದಿದರೆ ಕುಗ್ಗಿ ತಾನೇ ಉದುರುತ್ತದೆ. ಕಬ್ಬಿಣ ಬಿಳಿ ಕಿಡಿ ಕಾರುವಷ್ಟು ಕಾದರೆ ಸುಟ್ಟು ಹಾಳಾಗುತ್ತದೆ. ಆರಿದ ಮೇಲೂ ಬಡಿಯುತ್ತಾ ಹೋದರೆ ಬಿರುಕು ಬಿಡುತ್ತದೆ. ಬಣ್ಣ ನೋಡಿ ಕಾವು ಅಳೆಯುವುದೇ ಈ ಕಸುಬಿನ ಜೀವಾಳ. ಅದಕ್ಕೇ ಅಂಗಡಿಯೊಳಗೆ ಬೆಳಕು ಮಂದ, ಬಿಸಿಲು ಬಿದ್ದರೆ ಕೆಂಪು ಬಣ್ಣ ತಿಳಿಯುವುದಿಲ್ಲ.

ಕುಲುಮೆಗೆ ಗಾಳಿ ಊದುವ ತಿದಿಯನ್ನು ಗಮನಿಸಿ. ಅಲ್ಲಿನದು ಒಂದರ ಮೇಲೊಂದು ಎರಡು ಅರೆ ಇರುವ ದೊಡ್ಡ ತಿದಿ. ಕೆಳಗಿನದು ಗಾಳಿ ತುಂಬಿಸಿದರೆ ಮೇಲಿನದು ಎಡೆಬಿಡದೆ ಊದುತ್ತದೆ. ನಮ್ಮ ಹಳ್ಳಿಗಳಲ್ಲಿ ಎರಡು ಚರ್ಮದ ತಿದಿಗಳನ್ನು ಒಂದಾದ ಮೇಲೊಂದು ಒತ್ತುತ್ತಿದ್ದುದೂ ಗಾಳಿ ಕಡಿಯಬಾರದು ಎಂದೇ. ಹಳ್ಳಿಯಲ್ಲಿ ಬೆಳೆದ ತಾತನಿಗೆ ಇದನ್ನು ಯಾರೂ ವಿವರಿಸಬೇಕಾಗಿಲ್ಲ. ಕುಲುಮೆ, ತಿದಿ, ಇಕ್ಕಳ, ಅಡಿಗಲ್ಲು ಎಂಬ ಮಾತುಗಳನ್ನು ಕನ್ನಡ ಕಲಿ ತರಗತಿಯಲ್ಲಿ ಚಿತ್ರ ತೋರಿಸಿ ಹೇಳಿಕೊಟ್ಟರೆ ಮಕ್ಕಳಿಗೆ ಮರೆತುಹೋಗುತ್ತವೆ. ಬೆಂಕಿಯ ಎದುರು ನಿಂತು ತಾತನ ಬಾಯಿಂದ ಕೇಳಿದ್ದು ಮರೆಯುವುದಿಲ್ಲ.

ಬಂಡಿ ಚಕ್ರ ಮಾಡುವ ಅಂಗಡಿಯಲ್ಲೂ ಹೀಗೇ. ನಡುವೆ ಗುಂಬ, ಅದಕ್ಕೆ ನೆಟ್ಟ ಅರಗಳು, ಹೊರಗೆ ಮರದ ಬಳೆ, ಅದರ ಮೇಲೆ ಕಬ್ಬಿಣದ ಪಟ್ಟಿ. ಪಟ್ಟಿಯನ್ನು ಚಕ್ರಕ್ಕಿಂತ ತುಸು ಚಿಕ್ಕದಾಗಿಯೇ ಮಾಡಿ, ಕಾಯಿಸಿ ಹಿಗ್ಗಿಸಿ ತೊಡಿಸಿ, ನೀರು ಹೊಯ್ಯುತ್ತಾರೆ. ಅದು ಕುಗ್ಗುವಾಗ ಕೀಲುಗಳೆಲ್ಲ ಕಿರ್ರೆಂದು ಬಿಗಿಯಾಗುತ್ತವೆ. ನಮ್ಮಲ್ಲಿ ಬೆರಣಿ ಒಟ್ಟಿ ಕಾಯಿಸುತ್ತಿದ್ದರು, ಉಳಿದದ್ದೆಲ್ಲ ಅದೇ. ಪಟ್ಟಿ ಹಾಕುವ ಕೆಲಸ ದಿನವೂ ಇರುವುದಿಲ್ಲ, ಅವತ್ತು ಏನು ಮಾಡುತ್ತಾರೆಂದು ಬೆಳಿಗ್ಗೆಯೇ ಕೇಳಿ. ನೇಕಾರರ ಬಳಿ ಹಾಸು ಯಾವುದು, ಹೊಕ್ಕು ಯಾವುದು, ಲಾಳಿ ಹೇಗೆ ಓಡುತ್ತದೆ ಎಂದು ತೋರಿಸಿ. ಆಮೇಲೆ ‘ಹಾಸುಹೊಕ್ಕು’ ಎಂಬ ಮಾತಿನ ಅರ್ಥವನ್ನು ಬಿಡಿಸಿ ಹೇಳಬೇಕಾಗುವುದಿಲ್ಲ. ಔಷಧಿ ಅಂಗಡಿಯ ಕುಟ್ಟಾಣಿ, ಶುಂಠಿ, ಜ್ಯೇಷ್ಠಮಧು ಅಜ್ಜಿಯರ ಪಾಲಿಗೆ. ಬಟ್ಟೆಯ ಅಂಗಡಿಯಲ್ಲಿ ಹೂವಿನ ಚಿತ್ತಾರದ ಚಿಂಟ್ಸ್ ಬಟ್ಟೆ ಬಗ್ಗೆ ಕೇಳಿ. ಕೋರಮಂಡಲ ಕರಾವಳಿಯಲ್ಲಿ ಬಣ್ಣ ಹಾಕಿದ ಹತ್ತಿಬಟ್ಟೆ ಲಂಡನ್ ದಾರಿಯಾಗಿ ಇಲ್ಲಿಗೆ ಬರುತ್ತಿತ್ತು. ಇಲ್ಲಿನ ಸಿರಿವಂತ ಗಂಡಸರು ಮನೆಯಲ್ಲಿ ತೊಡುತ್ತಿದ್ದ ಸಡಿಲ ನಿಲುವಂಗಿಯ ಹೆಸರೇ ‘ಬನಿಯನ್’.

ಇನ್ನು ಟಿಕೆಟ್. ಬೀದಿಯಲ್ಲಿ ಓಡಾಡಲು ಟಿಕೆಟ್ ಬೇಡ, ಅಂಗಡಿ-ಮನೆಗಳ ಒಳಗೆ ಹೋಗಲು ಬೇಕು. ಇದು ತಿಳಿಯದೆ ಬೀದಿ ಸುತ್ತಿ ‘ಏನೂ ಇಲ್ಲ’ ಎಂದು ಬೇಸರಪಟ್ಟು ಬರುವವರಿದ್ದಾರೆ. ಒಂದು ದಿನದ್ದು, ಹಲವು ದಿನದ್ದು, ವರ್ಷದ ಪಾಸ್ ಮೂರರ ಬೆಲೆಯನ್ನೂ ಹೋಲಿಸಿ ನೋಡಿ. ಎರಡು ಸಲ ಹೋಗುವ ಮನಸ್ಸಿದ್ದರೆ ವರ್ಷದ ಪಾಸ್ ಲೆಕ್ಕಕ್ಕೆ ಬರಬಹುದು. ಕಾರನ್ನು ವಿಸಿಟರ್ ಸೆಂಟರ್‌ನಲ್ಲಿ ನಿಲ್ಲಿಸಿ, ಅಲ್ಲಿಂದ ಶಟಲ್ ಬಸ್ ಇದೆ. ಎಲ್ಲ ಅಂಗಡಿಗಳೂ ಎಲ್ಲ ದಿನವೂ ತೆರೆದಿರುವುದಿಲ್ಲ. ಅವತ್ತಿನ ಪಟ್ಟಿ ನೋಡಿ ತೆರೆದಿರುವುದನ್ನು ಮೊದಲೇ ಗುರುತು ಹಾಕಿಕೊಳ್ಳಿ. ಅರಮನೆಗೆ ಬೆಳಿಗ್ಗೆ ಬಾಗಿಲು ತೆರೆದ ಕೂಡಲೇ ಹೋಗಿ, ಮಧ್ಯಾಹ್ನ ಸಾಲು ಬೆಳೆಯುತ್ತದೆ. ಕಸುಬಿನ ಅಂಗಡಿಗಳು ಸಂಜೆ ಐದರ ಹೊತ್ತಿಗೆ ಮುಚ್ಚುವುದರಿಂದ ಅವನ್ನು ಕೊನೆಗೆ ಉಳಿಸಬೇಡಿ.

ವಾಷಿಂಗ್ಟನ್‌ನಿಂದ ಸುಮಾರು 150 ಮೈಲಿ. ಐ-95ರಲ್ಲಿ ಫ್ರೆಡರಿಕ್ಸ್‌ಬರ್ಗ್‌ವರೆಗಿನ ದಟ್ಟಣೆ ರಜೆಯ ದಿನಗಳಲ್ಲಿ ಎರಡೂವರೆ ಗಂಟೆಯ ದಾರಿಯನ್ನು ನಾಲ್ಕೈದು ಗಂಟೆ ಮಾಡಿಬಿಡುತ್ತದೆ. ಬೆಳಿಗ್ಗೆ ಆರಕ್ಕೆ ಮುಂಚೆ ಮನೆ ಬಿಡಿ, ರಿಚ್ಮಂಡ್ ಊರೊಳಗೆ ಹೋಗದೆ ಐ-295 ಹಿಡಿದು ಐ-64 ಸೇರಿ. ಆಮ್‌ಟ್ರಾಕ್ ರೈಲು ವಿಲಿಯಮ್ಸ್‌ಬರ್ಗ್ ಊರಿನಲ್ಲೇ ನಿಲ್ಲುತ್ತದೆ. ನಿಲ್ದಾಣದಿಂದ ಹಳೇ ಊರಿಗೆ ನಡೆದೇ ಹೋಗಬಹುದು.

ಮುಖ್ಯ ಬೀದಿ ಡ್ಯೂಕ್ ಆಫ್ ಗ್ಲಾಸ್ಟರ್ ಸ್ಟ್ರೀಟ್ ಒಂದು ತುದಿಯಿಂದ ಇನ್ನೊಂದಕ್ಕೆ ಹೆಚ್ಚುಕಡಿಮೆ ಒಂದು ಮೈಲಿ. ಇಟ್ಟಿಗೆಯ ಕಾಲುದಾರಿ ಅಲ್ಲಲ್ಲಿ ಉಬ್ಬಿದೆ, ಮನೆಗಳಿಗೆ ಕಡಿದಾದ ಮೆಟ್ಟಿಲು. ಮಂಡಿನೋವಿರುವವರಿಗೆ ಇದೇ ದೊಡ್ಡ ತೊಡಕು. ಸೀರೆ ಉಟ್ಟರೂ ಕಾಲಿಗೆ ಶೂ ಇರಲಿ, ಮಗುವಿನ ಗಾಡಿಗೆ ದೊಡ್ಡ ಚಕ್ರವಿರಲಿ. ಹಿರಿಯರನ್ನು ಇಡೀ ಬೀದಿ ನಡೆಸಬೇಡಿ, ಶಟಲ್ ನಿಲ್ದಾಣಗಳನ್ನು ನೋಡಿಕೊಂಡು ಬೀದಿಯ ಒಂದು ತುದಿಯ ಅಂಗಡಿಗಳನ್ನಷ್ಟೇ ಆರಿಸಿಕೊಳ್ಳಿ. ಮಳೆ ಅಥವಾ ಕೊರೆಯುವ ಚಳಿ ಇದ್ದರೆ ನಾಸೌ ಸ್ಟ್ರೀಟ್‌ನ ಆರ್ಟ್ ಮ್ಯೂಸಿಯಂಗಳಿಗೆ ಹೋಗಿ. ಒಳಗೆ ಬೆಚ್ಚಗಿರುತ್ತದೆ, ಕೂರಲು ಜಾಗವಿದೆ, ಕೆಫೆ ಇದೆ.

ಊಟದ ವಿಷಯದಲ್ಲಿ ಎಚ್ಚರ ಬೇಕು. ಅಲ್ಲಿನ ಹಳೇ ಶೈಲಿಯ ಊಟದ ಮನೆಗಳಾದ ಟ್ಯಾವರ್ನ್‌ಗಳ ಅಡುಗೆ ಬಹುಪಾಲು ಮಾಂಸದ್ದು. ಕಡಲೆಕಾಯಿ ಸೂಪ್ ಎಂದರೆ ಸಸ್ಯಾಹಾರ ಎಂದುಕೊಳ್ಳಬೇಡಿ, ಈ ಬಗೆಯ ಸೂಪನ್ನು ಸಾಮಾನ್ಯವಾಗಿ ಕೋಳಿಯ ಸಾರಿನಲ್ಲಿ ಮಾಡುತ್ತಾರೆ. ಪೈ ಹಿಟ್ಟಿನಲ್ಲಿ ಹಂದಿಕೊಬ್ಬು ಇರಬಹುದು. ಪ್ರತಿಯೊಂದನ್ನೂ ಕೇಳಿಯೇ ತಿನ್ನಿ. ಚಪಾತಿ ಪಲ್ಯ, ಪುಳಿಯೋಗರೆ ಕಟ್ಟಿಕೊಂಡು ಹೋಗುವುದೇ ಒಳ್ಳೆಯದು. ಚಳಿಗಾಲವಾದ್ದರಿಂದ ಕೆಡುವ ಭಯವಿಲ್ಲ, ಆದರೆ ಅನ್ನ ತಣ್ಣಗಾಗಿ ಗಟ್ಟಿಯಾಗುತ್ತದೆ, ಫ್ಲಾಸ್ಕ್ ಡಬ್ಬ ಒಯ್ಯಿರಿ.

ಡಿಸೆಂಬರ್‌ನಲ್ಲಿ ಬಾಗಿಲು ಬಾಗಿಲಿಗೂ ಸೇಬು, ಅನಾನಸ್, ಸಿಂಪಿ ಚಿಪ್ಪು ಕಟ್ಟಿದ ಹಸಿರು ತೋರಣ ಕಾಣುತ್ತದೆ. ನೋಡಲು ಬಲು ಚೆಂದ. ಆದರೆ 18ನೇ ಶತಮಾನದಲ್ಲಿ ಹೀಗೆ ಬಾಗಿಲು ಸಿಂಗರಿಸುತ್ತಿರಲಿಲ್ಲ. ಇದು 1930ರ ದಶಕದಿಂದ ಈಚೆಗೆ ಬೆಳೆದ ಪದ್ಧತಿ. ಮ್ಯೂಸಿಯಂ ಹಳೆಯದನ್ನು ತೋರಿಸುವಾಗಲೂ ತನ್ನ ಕಾಲದ ರುಚಿ ಬೆರೆಸುತ್ತದೆ ಎಂಬುದನ್ನು ದೊಡ್ಡ ಮಕ್ಕಳಿಗೆ ಹೇಳಲು ಒಳ್ಳೆಯ ನೆಪ. ದೀಪ, ಪಟಾಕಿಯ ಗ್ರ್ಯಾಂಡ್ ಇಲ್ಯುಮಿನೇಷನ್ ಸಂಜೆಗಳಲ್ಲಿ ಜನಜಂಗುಳಿ ವಿಪರೀತ. ಕಸುಬು ನೋಡುವುದೇ ಮುಖ್ಯವಾದರೆ ಆ ದಿನಗಳನ್ನು ಬಿಟ್ಟು ವಾರದ ನಡುವೆ ಹೋಗಿ.

ಒಂದು ವಿಷಯವನ್ನು ಮಕ್ಕಳಿಂದ ಮುಚ್ಚಿಡಬೇಡಿ. ಆಗ ಊರಿನ ಅರ್ಧಕ್ಕೂ ಹೆಚ್ಚು ಜನ ಕಪ್ಪುಜನರು, ಅವರಲ್ಲಿ ಬಹುತೇಕರು ಗುಲಾಮರು. ಅರಮನೆಯ ಅಡುಗೆ, ಕುಲುಮೆಯ ದುಡಿಮೆ ಅವರದೂ ಆಗಿತ್ತು. 1760ರಿಂದ 1774ರವರೆಗೆ ಕಪ್ಪು ಮಕ್ಕಳಿಗಾಗಿ ನಡೆದ ಬ್ರೇ ಶಾಲೆಯ ಕಟ್ಟಡವನ್ನು 2023ರಲ್ಲಿ ಹಳೇ ಊರಿನೊಳಗೆ ತಂದು ನಿಲ್ಲಿಸಿದ್ದಾರೆ. ಅಲ್ಲಿ ಓದು ಕಲಿಸುತ್ತಿದ್ದರು, ಜೊತೆಗೆ ಗುಲಾಮಗಿರಿಯನ್ನು ಒಪ್ಪಿಕೊಳ್ಳಬೇಕೆಂಬ ಪಾಠವೂ ಇತ್ತು. ಗುಲಾಮರ ಬದುಕನ್ನು ಹೇಳುವ ಕಲಾವಿದರ ಮುಂದೆ ಸೆಲ್ಫಿಗೆ ಮುಗಿಬೀಳದೆ, ಪೂರ್ತಿ ಕೇಳಿಸಿಕೊಳ್ಳಿ.

ಎರಡನೇ ದಿನ ಇದ್ದರೆ ಜೇಮ್ಸ್‌ಟೌನ್ ಅಥವಾ ಯಾರ್ಕ್‌ಟೌನ್. ಎರಡು ಕಡೆಯೂ ಹೆಸರಿನ ಗೊಂದಲವಿದೆ. ಜೇಮ್ಸ್‌ಟೌನ್ ಸೆಟಲ್‌ಮೆಂಟ್‌ನಲ್ಲಿ 1607ರಲ್ಲಿ ಇಂಗ್ಲಿಷ್ ವಲಸಿಗರು ಬಂದ ಮೂರು ಹಡಗು ಮತ್ತು ಅವರು ಕಟ್ಟಿದ ಕೋಟೆಯ ಮಾದರಿಗಳಿವೆ, ಮಕ್ಕಳು ಹಡಗು ಹತ್ತಬಹುದು. ಹಿಸ್ಟಾರಿಕ್ ಜೇಮ್ಸ್‌ಟೌನ್ ಬೇರೆ, ಅದು ನಿಜವಾದ ಕೋಟೆಯ ಉತ್ಖನನ ನಡೆಯುವ ಜಾಗ. ಟಿಕೆಟ್ ಕೊಳ್ಳುವ ಮುನ್ನ ಹೆಸರನ್ನು ಎರಡು ಸಲ ಓದಿ. ವಿಲಿಯಮ್ಸ್‌ಬರ್ಗಿನ ಟಿಕೆಟ್ ಇವಕ್ಕೆ ನಡೆಯುವುದಿಲ್ಲ.

ಆಯ್ದುಕೊಳ್ಳಬೇಕಾಗಿ ಬಂದರೆ ಕನ್ನಡಿಗರು ಯಾರ್ಕ್‌ಟೌನ್‌ಗೆ ಹೋಗಬೇಕು. 1781ರ ಅಕ್ಟೋಬರ್ 19ರಂದು ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಅಲ್ಲಿ ಶರಣಾದ ಬ್ರಿಟಿಷ್ ಸೈನ್ಯ ಕಾರ್ನ್‌ವಾಲಿಸನದು. ಮೈಗೆ ಹುಷಾರಿಲ್ಲವೆಂದು ತಾನು ಬಾರದೆ ತನ್ನ ಕೈಕೆಳಗಿನ ಅಧಿಕಾರಿ ಓ'ಹಾರನನ್ನು ಕಳಿಸಿದ. ಐದೇ ವರ್ಷಕ್ಕೆ, 1786ರಲ್ಲಿ, ಆತ ಭಾರತದಲ್ಲಿ ಗವರ್ನರ್ ಜನರಲ್. 1791ರ ಮಾರ್ಚ್‌ನಲ್ಲಿ ಬೆಂಗಳೂರು ಕೋಟೆ, ಆಮೇಲೆ ನಂದಿದುರ್ಗ, ಸಾವನದುರ್ಗ ಆತನ ಕೈಸೇರಿದವು. 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ. ಟಿಪ್ಪು ಅರ್ಧ ರಾಜ್ಯ, ಮೂರು ಕೋಟಿ ಮೂವತ್ತು ಲಕ್ಷ ರೂಪಾಯಿ, ಇಬ್ಬರು ಮಕ್ಕಳನ್ನು ಒತ್ತೆಯಾಗಿ ಒಪ್ಪಿಸಬೇಕಾಯಿತು. ಆ ಕಾಲದ ಅಮೆರಿಕನ್ನರಿಗೂ ಮೈಸೂರು ಗೊತ್ತಿತ್ತು. ಪೆನ್ಸಿಲ್ವೇನಿಯಾದ ಒಂದು ಯುದ್ಧನೌಕೆಗೆ ‘ಹೈದರ್ ಅಲಿ’ ಎಂದೇ ಹೆಸರಿಟ್ಟಿದ್ದರು, 1782ರಲ್ಲಿ ಅದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಹಡಗೊಂದನ್ನು ಹಿಡಿಯಿತು.

ಯಾರ್ಕ್‌ಟೌನ್‌ನಲ್ಲೂ ಎರಡಿವೆ. ಅಮೆರಿಕನ್ ರೆವಲ್ಯೂಷನ್ ಮ್ಯೂಸಿಯಂನಲ್ಲಿ ಸೈನಿಕರ ಬಿಡಾರ, ಹೊಲಮನೆಯ ಜೀವಂತ ಪ್ರದರ್ಶನ ಇದೆ. ರಣಭೂಮಿ ನ್ಯಾಷನಲ್ ಪಾರ್ಕಿನದು, ನಿಮ್ಮಲ್ಲಿ ನ್ಯಾಷನಲ್ ಪಾರ್ಕ್ ವರ್ಷದ ಪಾಸ್ ಇದ್ದರೆ ಅಲ್ಲಿ ನಡೆಯುತ್ತದೆ. ಮೊದಲು 9 ಮತ್ತು 10ನೇ ನಂಬರಿನ ಮಣ್ಣಿನ ಕೊತ್ತಲ ನೋಡಿ, ಆಮೇಲೆ ಒಪ್ಪಂದದ ಮಾತುಕತೆ ನಡೆದ ಮೂರ್ ಹೌಸ್, ಕೊನೆಗೆ ಶರಣಾಗತಿಯ ಬಯಲು. ರಣಭೂಮಿಯ ಒಳರಸ್ತೆಗಳನ್ನು ಸೂರ್ಯ ಮುಳುಗಿದೊಡನೆ ಮುಚ್ಚುತ್ತಾರೆ. ಡಿಸೆಂಬರ್ ಕೊನೆಯಲ್ಲಿ ಅಂದರೆ ಐದಕ್ಕೆ ಮುಂಚೆಯೇ. ಮ್ಯೂಸಿಯಂನಿಂದ ತಡವೆಂದರೂ ಮೂರಕ್ಕೆ ಹೊರಡಿ.