ಬಿಸಿಲಲ್ಲಿ ಒಣಗಿಸಿದ ಗದೆಯನ್ನು ತಲೆ ಮೇಲೆ ತಿರುಗಿಸಬೇಡಿ

ಸಂಪಾದಕರಿಗೆ ನಮಸ್ಕಾರ.

ಕಳೆದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಮನೆಯಲ್ಲೇ ಜಿಮ್ ಮಾಡಿಕೊಳ್ಳುವ ಬಗ್ಗೆ ಒಂದು ಲೇಖನ ಬಂದಿತ್ತು. ಸಿಮೆಂಟ್, ಮರಳು, ಹಳೆ ಡಬ್ಬ, ಒಂದು ಕೋಲು ಇದ್ದರೆ ಗದೆ, ಡಂಬಲ್ಸ್ ಎಲ್ಲ ನಾವೇ ಮಾಡಿಕೊಳ್ಳಬಹುದು ಅಂತ ಬರೆದಿದ್ದರು. ಒಳ್ಳೆ ವಿಚಾರ. ಆದರೆ ‘ಎರಡು ದಿನ ಬಿಸಿಲಲ್ಲಿ ಚೆನ್ನಾಗಿ ಒಣಗಿಸಿ, ಮೂರನೇ ದಿನದಿಂದ ವ್ಯಾಯಾಮ ಶುರು ಮಾಡಿ’ ಅನ್ನುವ ಸಾಲು ಓದಿ ಸುಮ್ಮನೆ ಕೂರಲು ಆಗಲಿಲ್ಲ. ನಾನು ದಾವಣಗೆರೆಯವನು. ಗಾರೆ ಕೆಲಸ ಮಾಡುತ್ತಲೇ ತಲೆ ನರೆತಿದೆ. ಹುಡುಗನಾಗಿದ್ದಾಗ ಗರಡಿ ಮನೆಯ ಕೆಮ್ಮಣ್ಣಲ್ಲೂ ಹೊರಳಾಡಿದ್ದೇನೆ. ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ಆಡುವಷ್ಟು ಪೈಲ್ವಾನ ಆಗಲಿಲ್ಲ, ಅದು ಬೇರೆ ಮಾತು.

ಕಾಂಕ್ರೀಟ್ ಒಣಗಿ ಗಟ್ಟಿಯಾಗುವುದಿಲ್ಲ ಸ್ವಾಮಿ. ಬಿಸಿಲಿಗೆ ಹರವಿಡಲು ಅದೇನು ಸಂಡಿಗೆಯಾ? ಸಿಮೆಂಟು, ನೀರು ಎರಡೂ ಕೂಡಿಕೊಂಡು ಒಳಗೊಳಗೇ ಬದಲಾಗುತ್ತಾ ಹೋಗುತ್ತವೆ. ಗಟ್ಟಿತನ ಬರುವುದು ಅದರಿಂದ. ನೀರು ಆರಿಹೋದರೆ ಆ ಕೆಲಸ ಅಲ್ಲಿಗೇ ನಿಂತಿತು. ಹೊರಗಿಂದ ನೋಡಿದರೆ ಬೆಳ್ಳಗೆ, ಗಟ್ಟಿಯಾಗೇ ಕಾಣುತ್ತದೆ. ಮೊಳೆಯಲ್ಲಿ ಕೆರೆದು ನೋಡಿ, ಪುಡಿ ಉದುರುತ್ತದೆ.

ತಾರಸಿ ಹಾಕಿದ ಮೇಲೆ ಬದು ಕಟ್ಟಿ ನೀರು ನಿಲ್ಲಿಸುವುದನ್ನು ಎಲ್ಲರೂ ನೋಡಿದ್ದೀರಿ. ಐಎಸ್ 456 ಅಂತ ಕಾಂಕ್ರೀಟ್ ಕೆಲಸಕ್ಕೆ ನಮ್ಮ ದೇಶದ್ದೇ ಒಂದು ನಿಯಮ ಇದೆ. ಒಪಿಸಿ, ಅಂದರೆ ಬೂದಿ ಬೆರೆಸದ ಸಾದಾ ಸಿಮೆಂಟ್ ಆದರೆ ಕಡಿಮೆ ಅಂದರೂ 7 ದಿನ ಒದ್ದೆಯಾಗಿಡಬೇಕು, ಹಾರುಬೂದಿ (ಕಲ್ಲಿದ್ದಲು ಉರಿಸಿದಾಗ ಬರುವ ನುಣ್ಣನೆ ಬೂದಿ) ಬೆರೆಸಿದ ಸಿಮೆಂಟ್ ಆದರೆ 10 ದಿನ ಅಂತ ಅದು ಹೇಳುತ್ತದೆ. ಚೀಲದ ಮೇಲೆ ಪಿಪಿಸಿ ಅಂತ ಇದ್ದರೆ ಅದು ಹಾರುಬೂದಿಯದು, 10 ದಿನ ಅಂತಲೇ ಇಟ್ಟುಕೊಳ್ಳಿ. ಒದ್ದೆ ಗೋಣಿಚೀಲ ಸುತ್ತಿ ನೆರಳಲ್ಲಿಡಿ. ಬೆಳಿಗ್ಗೆ, ಸಂಜೆ ಚೀಲಕ್ಕೆ ನೀರು ಚಿಮುಕಿಸಿ. ಕಾಂಕ್ರೀಟಿನ ಬಲವನ್ನು ಅಳೆಯುವುದೇ 28 ದಿನಕ್ಕೆ. ಗದೆ ತಿರುಗಿಸುವವರು ಅಲ್ಲಿವರೆಗೆ ಕಾದರೆ ಏನೂ ನಷ್ಟವಿಲ್ಲ. ಅಷ್ಟು ದಿನ ದಂಡ, ಬಸ್ಕಿ ಹೊಡೆಯಲಿ.

ನಿಮ್ಮ ಲೇಖನದಲ್ಲಿ ಜಲ್ಲಿಯ ಹೆಸರೇ ಇರಲಿಲ್ಲ. ಬರೀ ಮರಳು, ಸಿಮೆಂಟ್ ಕಲಸಿದರೆ ಅದು ಗಾರೆ, ಕಾಂಕ್ರೀಟ್ ಅಲ್ಲ. ಒಣಗುವಾಗ ಸೀಳು ಬಿಡುವುದು ಜಾಸ್ತಿ. ಗದೆಗೆ, ಡಂಬಲ್ಸಿಗೆ ದೊಡ್ಡ ಜಲ್ಲಿ ಬೇಡ, ಬೇಬಿ ಜಲ್ಲಿ ಸಾಕು. ಒಂದು ಪಾಲು ಸಿಮೆಂಟ್, ಎರಡು ಪಾಲು ಎಂ-ಸ್ಯಾಂಡ್ (ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು), ಎರಡು ಪಾಲು ಬೇಬಿ ಜಲ್ಲಿ. ಒಂದು ಕಿಲೋ ಸಿಮೆಂಟಿಗೆ ಅರ್ಧ ಲೀಟರ್ ನೀರಿನ ಆಸುಪಾಸಿನಲ್ಲೇ ಕಲಸಬೇಕು. ಹುಡುಗರು ಕಲಸಲು ಸುಲಭ ಅಂತ ನೀರು ಸುರಿದುಬಿಡುತ್ತಾರೆ. ಹೆಚ್ಚಾದ ನೀರು ಆಮೇಲೆ ಆರಿಹೋಗಿ ಒಳಗೆ ಸಣ್ಣ ಸಣ್ಣ ತೂತು ಬಿಡುತ್ತದೆ. ಇಲ್ಲೊಂದು ತಮಾಷೆ ನೋಡಿ. ಕಲಸುವಾಗ ನೀರು ಕಡಿಮೆ ಇರಬೇಕು, ಗಟ್ಟಿಯಾದ ಮೇಲೆ ಎಷ್ಟು ಕೊಟ್ಟರೂ ಒಳ್ಳೆಯದೇ. ಜನ ಎರಡನ್ನೂ ಉಲ್ಟಾ ಮಾಡುತ್ತಾರೆ.

ತೂಕದ ಲೆಕ್ಕವನ್ನೂ ಯಾರೂ ಹಾಕುವುದಿಲ್ಲ. ಒಂದು ಲೀಟರ್ ಜಾಗದಲ್ಲಿ ಸುಮಾರು 2.4 ಕಿಲೋ ಕಾಂಕ್ರೀಟ್ ಹಿಡಿಯುತ್ತದೆ. 10 ಲೀಟರ್ ಬಕೆಟ್ ತುಂಬಿಸಿದರೆ 24 ಕಿಲೋ ಆಯಿತು. ಆಮೇಲೆ ಅದು ಮನೆಯ ಮೂಲೆಯಲ್ಲಿ ಕೂತಿರುತ್ತದೆ, ಕಸ ಗುಡಿಸುವ ತಾಯಂದಿರು ಬೈಯುತ್ತಿರುತ್ತಾರೆ. 20 ಸೆಂಟಿಮೀಟರ್ ಅಡ್ಡಳತೆಯ ಗುಂಡೇ ಸುಮಾರು 10 ಕಿಲೋ ತೂಗುತ್ತದೆ. ಉದ್ದ ಕಾವಿನ, ಅಂದರೆ ಉದ್ದ ಹಿಡಿಕೆಯ ಗದೆಗೆ ಹೊಸಬರಿಗೆ 3-4 ಕಿಲೋ ಧಾರಾಳ. ಭಾರ ತುದಿಯಲ್ಲಿ ಇರುವುದರಿಂದ ಭುಜಕ್ಕೆ ಅದೇ ಎಷ್ಟೋ ಪಟ್ಟು ಅನ್ನಿಸುತ್ತದೆ.

ನಮ್ಮ ಬೀದಿಯ ಒಬ್ಬ ಹುಡುಗಿ ಪೊಲೀಸ್ ಕೆಲಸದ ದೈಹಿಕ ಪರೀಕ್ಷೆಗೆ ತಯಾರಿ ಮಾಡುತ್ತಿದ್ದಾಳೆ. ‘ಮಾವ, ನಾಲ್ಕು ಕಿಲೋ ಗುಂಡು ಎರಕ ಹೊಯ್ದು ಕೊಡಿ’ ಅಂದಳು. ಕೊಡುತ್ತೇನಮ್ಮ, ಆದರೆ ಅದು ಎಸೆದು ಅಭ್ಯಾಸ ಮಾಡಲು ಬರುವುದಿಲ್ಲ ಅಂದೆ. ಕಬ್ಬಿಣದ ಮೂರನೇ ಒಂದು ಭಾಗದಷ್ಟು ತೂಕ ಕಾಂಕ್ರೀಟಿಗೆ. ಅದೇ 4 ಕಿಲೋಗೆ ಗುಂಡು 15 ಸೆಂಟಿಮೀಟರ್ ಹತ್ತಿರ ದಪ್ಪ ಆಗುತ್ತದೆ. ಹೆಂಗಸರ ಶಾಟ್‌ಪುಟ್ ಗುಂಡು 11 ಸೆಂಟಿಮೀಟರ್ ದಾಟುವ ಹಾಗಿಲ್ಲ. ಕೈಯ ಹಿಡಿತವೇ ಬೇರೆ. ತೋಳಿಗೆ ಬಲ ಬರಲಿ ಅಂತ ಎತ್ತಿ ಇಳಿಸಲು ಮಾತ್ರ ಅದು.

ಇನ್ನು ಹಿಡಿಕೆ. ನಿಜವಾದ ಅಪಾಯ ಇರುವುದು ಇಲ್ಲಿ. ನಿಮ್ಮ ಚಿತ್ರದಲ್ಲಿ ಇದ್ದದ್ದು ನುಣುಪಾದ ಮಾಪಿನ ಕೋಲು. ಹಸಿ ಕಾಂಕ್ರೀಟಿಗೆ ಮರ ಇಳಿಸಿದರೆ ಮರ ಅದರ ನೀರು ಕುಡಿದು ಉಬ್ಬುತ್ತದೆ. ತಿಂಗಳು ಕಳೆದ ಮೇಲೆ ಒಣಗಿ ಕುಗ್ಗುತ್ತದೆ. ಸುತ್ತಲಿನ ಕಾಂಕ್ರೀಟ್ ಅಷ್ಟು ಕುಗ್ಗುವುದಿಲ್ಲವಲ್ಲ, ಸಂದು ಬಿಡುತ್ತದೆ. ಮೊದಲು ಲೊಟಲೊಟ ಅನ್ನುತ್ತದೆ, ಒಂದು ದಿನ ಜಾರಿಹೋಗುತ್ತದೆ. ಹೋದ ವರ್ಷ ನಮ್ಮ ಹಿಂದಿನ ಬೀದಿಯಲ್ಲಿ ಒಬ್ಬ ಹುಡುಗ ಮೊಬೈಲ್ ನೋಡಿ ಮಾಡಿದ ಗದೆಯನ್ನು ತಾರಸಿ ಮೇಲೆ ತಿರುಗಿಸುತ್ತಿದ್ದ. ಕೋಲು ಕೈಯಲ್ಲೇ ಉಳಿಯಿತು, ಗುಂಡು ಪಕ್ಕದ ಮನೆಯ ತುಳಸಿಕಟ್ಟೆಗೆ ಬಿತ್ತು. ಆ ಹೊತ್ತಿಗೆ ಅಜ್ಜಿ ಪೂಜೆ ಮುಗಿಸಿ ಒಳಗೆ ಹೋಗಿದ್ದರು. ಕಟ್ಟೆ ಸರಿಮಾಡಲು ನನ್ನನ್ನೇ ಕರೆದರು. ಆ ಗುಂಡನ್ನು ನೋಡಿದೆ. ತೂತಿನೊಳಗೆ ಕೋಲಿನ ಅಚ್ಚು ಗಾಜಿನ ಹಾಗೆ ನುಣ್ಣಗೆ ಇತ್ತು. ಹಿಡಿದುಕೊಳ್ಳಲು ಒಂದು ಮೊಳೆಯೂ ಇರಲಿಲ್ಲ.

ಹಾರ್ಡ್‌ವೇರ್ ಅಂಗಡಿಯಲ್ಲಿ ಪಿಕಾಸಿ ಕಾವು ಸಿಗುತ್ತದೆ. ಅದರ ಒಂದು ತುದಿ ದಪ್ಪ ಇರುತ್ತದೆ, ಪಿಕಾಸಿ ಜಾರಿ ಹೊರಗೆ ಹೋಗಬಾರದು ಅಂತಲೇ ಹಾಗೆ ಮಾಡಿರುವುದು. ಆ ದಪ್ಪ ತುದಿಯನ್ನು ಕಾಂಕ್ರೀಟ್ ಒಳಗೆ ಬಿಡಿ. ನಮ್ಮ ಕಡೆ ಕರಿಜಾಲಿಯ ಕಾವು ಬಹಳ ಗಟ್ಟಿ. ಹಸಿ ನೀಲಗಿರಿ ಕೋಲು ಬೇಡವೇ ಬೇಡ, ಒಣಗುವಾಗ ತಿರುಚಿಕೊಂಡು ಸೀಳುತ್ತದೆ. ಕಾವು ಪೂರ್ತಿ ಒಣಗಿರಬೇಕು. ಒಳಗೆ ಹೋಗುವ ಭಾಗಕ್ಕೆ ಎರಡು ಕೋಟ್ ಆಯಿಲ್ ಪೇಂಟ್ ಬಳಿದು ಒಣಗಿಸಿ, ಆಗ ನೀರು ಕುಡಿಯುವುದು ಕಡಿಮೆ ಆಗುತ್ತದೆ. ಆಮೇಲೆ ಸಣ್ಣ ಡ್ರಿಲ್ಲಿನಲ್ಲಿ ತೂತು ಹಾಕಿ, ಒಂದಕ್ಕೊಂದು ಅಡ್ಡ ಬರುವ ಹಾಗೆ ಎರಡು ಉದ್ದನೆ ಮೊಳೆ ತೂರಿಸಿ, ಎರಡೂ ಕಡೆ ಚಾಚಿಕೊಂಡಿರಲಿ. ತೂತು ಹಾಕದೆ ನೇರ ಬಡಿದರೆ ಕಾವು ಸೀಳುತ್ತದೆ. ಮೊಳೆಗಳಿಗೆ ಬೈಂಡಿಂಗ್ ವೈರ್ (ಕಂಬಿ ಕಟ್ಟುವ ತೆಳು ತಂತಿ) ಸುತ್ತಿದರೆ ಇನ್ನೂ ಒಳ್ಳೆಯದು. ಕಾವಿನ ಸುತ್ತ ಎರಡು ಇಂಚಾದರೂ ಕಾಂಕ್ರೀಟ್ ಇರಬೇಕು, ಇಲ್ಲದಿದ್ದರೆ ಮರ ಉಬ್ಬಿದಾಗ ಗುಂಡೇ ಬಿರಿಯುತ್ತದೆ.

ಅಚ್ಚಿಗೆ ಮಕ್ಕಳ ಪ್ಲಾಸ್ಟಿಕ್ ಚೆಂಡು ಸಾಕು. ಮೇಲೆ ದುಂಡಗೆ ಕತ್ತರಿಸಿ, ಒಳಗೆ ಎಣ್ಣೆ ಸವರಿ, ಮರಳಲ್ಲಿ ಅರ್ಧ ಹೂತು ಕಾಂಕ್ರೀಟ್ ತುಂಬಿ. ಕಾವು ನೆಟ್ಟಗೆ ನಿಲ್ಲುವ ಹಾಗೆ ಮೂರು ಕಡೆ ದಾರ ಕಟ್ಟಿ. ಪಕ್ಕದಲ್ಲಿ ಮೆಲ್ಲಗೆ ತಟ್ಟಿದರೆ ಗಾಳಿಗುಳ್ಳೆ ಮೇಲೆ ಬರುತ್ತದೆ. ಒಂದು ದಿನ ಮುಟ್ಟಬೇಡಿ. ಕೈಗೆ ರಬ್ಬರ್ ಗ್ಲೌಸ್ ಇರಲಿ. ಹಸಿ ಸಿಮೆಂಟ್ ಚರ್ಮ ಸುಡುತ್ತದೆ, ನಮ್ಮಂಥವರ ಬೆರಳು ನೋಡಿದರೆ ಗೊತ್ತಾಗುತ್ತದೆ.

ಇನ್ನೊಂದು ಮಾತು. ಗದೆ ತಿರುಗಿಸುವುದನ್ನು ಲೇಖನದಲ್ಲಿ ಅಮೆರಿಕದ ಹೊಸ ಫ್ಯಾಷನ್ ಅಂತ ಬರೆದಿದ್ದಾರೆ. ಓದಿ ನಗು ಬಂತು. ಗರಡಿ ಮನೆಯ ಆಂಜನೇಯನ ಮುಂದೆ ಒರಗಿಸಿಟ್ಟಿರುವುದು ಏನು ಮತ್ತೆ? ಗರಡಿಯಲ್ಲಿ ಕೈಯಲ್ಲಿ ಹಿಡಿದು ತಿರುಗಿಸುವ ಲೋಡುಗಳನ್ನು, ಅಂದರೆ ದಪ್ಪ ಮರದ ದಿಮ್ಮಿಗಳನ್ನು, ಬ್ರಿಟಿಷರು ಇಲ್ಲೇ ನೋಡಿ ಕಲಿತು ತಮ್ಮ ಸೈನಿಕರಿಗೂ ಮಾಡಿಸಿದರು. 1904ರ ಮತ್ತು 1932ರ ಒಲಿಂಪಿಕ್ಸಿನಲ್ಲಿ ಅದೊಂದು ಸ್ಪರ್ಧೆಯೇ ಆಗಿತ್ತಂತೆ, ನನ್ನ ಮಗಳು ಹುಡುಕಿ ಓದಿ ಹೇಳಿದಳು. ನಮ್ಮ ಉಸ್ತಾದರು ಯಾರ ಕೈಗೂ ಗದೆ ಕೊಡುವ ಮೊದಲು ತಾವೇ ಒಮ್ಮೆ ನೆಲಕ್ಕೆ ಕುಟ್ಟಿ, ಕಾವು ತಿರುಚಿ ನೋಡುತ್ತಿದ್ದರು. ತಿರುಗಿಸುವವನ ಎದುರಿಗೆ, ಹಿಂದೆ ಯಾರೂ ನಿಲ್ಲುವ ಹಾಗಿರಲಿಲ್ಲ. ನಿಮ್ಮ ಚಿತ್ರದಲ್ಲಿ ಹುಡುಗನ ಹಿಂದೆಯೇ ಪುಟ್ಟ ಮಗು ಕೂತಿದೆ. ಚಿತ್ರ ಹಾಕುವಾಗಲಾದರೂ ಯಾರೋ ಒಬ್ಬರು ನೋಡಬಾರದಿತ್ತಾ?

ಹಾಗಾಗಿ ದಯವಿಟ್ಟು ಅದೇ ಪುಟದಲ್ಲಿ, ಅದೇ ಗಾತ್ರದ ಅಕ್ಷರದಲ್ಲಿ ತಿದ್ದುಪಡಿ ಹಾಕಿ. ಲೇಖನ ನೋಡಿ ಈಗಾಗಲೇ ಗದೆ ಮಾಡಿಕೊಂಡವರು ಅದನ್ನು ತಲೆ ಮೇಲೆ ತಿರುಗಿಸಬೇಡಿ. ಒಳಗೆ ಮೊಳೆ ಇಲ್ಲದಿದ್ದರೆ ಎಷ್ಟು ದಿನ ನೀರು ಹಾಕಿದರೂ ಪ್ರಯೋಜನವಿಲ್ಲ. ಒಡೆದು ಕಾವು ತೆಗೆದು ಹೊಸದಾಗಿ ಹಾಕಿ. ಮತ್ತೆ, ಉಳಿದ ಸಿಮೆಂಟ್ ನೀರನ್ನು ಬಚ್ಚಲ ಮೋರಿಗೆ ಸುರಿಯಬೇಡಿ. ಪೈಪಿನಲ್ಲಿ ಗಟ್ಟಿಯಾದರೆ ನೆಲ ಅಗೆದು ತೆಗೆಯಲು ಕರೆಯುವುದು ನಮ್ಮನ್ನೇ.

ಇಂತಿ,
ಒಬ್ಬ ಗಾರೆ ಮೇಸ್ತ್ರಿ, ದಾವಣಗೆರೆ