ಮಗಳಿಗೊಂದು ಪತ್ರ: ಸಿಟ್ಟು ಬಂದ ಮೇಲೆ, ಸೆಂಡ್ ಒತ್ತೋಕ್ ಮುಂಚೆ

ಪುಟ್ಟಿ,

ಮೊನ್ನೆ ಫೋನಲ್ಲಿ ಕೇಳಿದ್ಯಲ್ಲ, ಈ ಮೈಂಡ್‌ಫುಲ್‌ನೆಸ್ಸು ಲೈಫ್ ಕೋಚಿಂಗು ಎಲ್ಲಾ ನಿಜವಾಗ್ಲೂ ಕೆಲ್ಸಕ್ಕೆ ಬರುತ್ತಾ ಇಲ್ಲಾ ಬರೀ ದುಡ್ಡು ಮಾಡೋ ದಂಧೇನಾ ಅಂತ. ಆಗ್ಲೇ ಹೇಳೋಕೆ ಹೋಗಿದ್ರೆ ಅರ್ಧದಲ್ಲೇ "ಆಯ್ತಮ್ಮ ಆಯ್ತು" ಅಂತ ಶುರು ಮಾಡ್ತಿದ್ದೆ, ಅದಕ್ಕೇ ಕೂತು ಬರೀತಿದೀನಿ, ಒಂದೇ ಸಲಕ್ಕೆ ಓದ್ಬೇಕು ಅಂತೇನಿಲ್ಲ. ಎರಡೂ ಹೌದು ಕಣೆ. ಕೆಲ್ಸಕ್ಕೂ ಬರುತ್ತೆ, ದಂಧೇನೂ ಜೋರಾಗಿ ನಡೀತಿದೆ. ನಂಗೆ ಆಫೀಸಲ್ಲಿ ಟ್ರೈನಿಂಗ್ ಕೆಲ್ಸ ಇರೋದ್ರಿಂದ ಎರಡನ್ನೂ ಸ್ವಲ್ಪ ಹತ್ತಿರದಿಂದ ನೋಡಿದೀನಿ, ಆ ಧೈರ್ಯದ ಮೇಲೆ ಹೇಳ್ತಿದೀನಿ.

ಆ್ಯಪ್ ಹಾಕ್ಕೊಂಡು ಕಣ್ಮುಚ್ಚಿ ಕೂತೆ, ಯೋಚನೆ ನಿಲ್ಲಲೇ ಇಲ್ಲ, ಇದು ನನ್ ಕೈಲಾಗಲ್ಲ ಅಂತ ಬಿಟ್ಟೆ ಅಂದ್ಯಲ್ಲ, ಯೋಚನೆ ನಿಲ್ಲಿಸೋದು ಮೈಂಡ್‌ಫುಲ್‌ನೆಸ್ ಕೆಲ್ಸಾನೇ ಅಲ್ಲ. ಉಸಿರಿನ ಮೇಲೆ ಗಮನ ಇಡ್ತೀಯ, ಮನಸ್ಸು ಎಲ್ಲೋ ಹೋಗುತ್ತೆ, ಹೋಯ್ತು ಅಂತ ಗೊತ್ತಾಗುತ್ತೆ, ಬೈಕೊಳ್ದೆ ವಾಪಸ್ ಕರ್ಕೊಂಡು ಬರ್ತೀಯ. ಆ "ಹೋಯ್ತು" ಅಂತ ಗೊತ್ತಾಗೋದಿದ್ಯಲ್ಲ, ಅದೇ ಅಭ್ಯಾಸ. ಹತ್ತು ನಿಮಿಷದಲ್ಲಿ ಐವತ್ತು ಸಲ ಹೋದ್ರೆ ಐವತ್ತು ಸಲ ಅಭ್ಯಾಸ ಆಯ್ತು ಅಂತ ಲೆಕ್ಕ, ಸೋತೆ ಅಂತ ಅಲ್ಲ. ಮನಸ್ಸು ಹೋಗೋದೇನೂ ನಿನಗೊಬ್ಬಳಿಗೇ ಇರೋ ಕಾಯಿಲೆ ಅಲ್ಲ. 2010ರಲ್ಲಿ ಹಾರ್ವರ್ಡ್‌ನ ಇಬ್ರು ಸಂಶೋಧಕರು 2,250 ಜನಕ್ಕೆ ಹೊತ್ತಲ್ಲದ ಹೊತ್ತಲ್ಲಿ ಫೋನಿಗೆ ಪ್ರಶ್ನೆ ಕಳಿಸಿ, ಈಗೇನು ಮಾಡ್ತಿದೀರ, ಮನಸ್ಸು ಅಲ್ಲೇ ಇದ್ಯಾ, ಎಷ್ಟು ಖುಷಿಯಾಗಿದೀರ ಅಂತ ಕೇಳಿದ್ರು. ಹತ್ತಿರ ಹತ್ತಿರ 47% ಹೊತ್ತು ಮನಸ್ಸು ಮಾಡ್ತಿರೋ ಕೆಲ್ಸದಲ್ಲಿ ಇರ್ಲೇ ಇಲ್ವಂತೆ. ಬೋರ್ ಹೊಡೆಸೋ ಕೆಲ್ಸ ಮಾಡ್ತಿದ್ದಾಗ್ಲೂ ಮನಸ್ಸು ಅಲ್ಲೇ ಇದ್ದೋರು, ಎಲ್ಲೋ ಅಲೀತಿದ್ದೋರಿಗಿಂತ ಖುಷಿಯಾಗಿದ್ರು ಅನ್ನೋದು ಅದ್ರಲ್ಲಿ ನಂಗೆ ಇಷ್ಟವಾದ ಭಾಗ.

ಈಗಿನ ರೂಪದಲ್ಲಿ ಇದನ್ನ ಆಸ್ಪತ್ರೆಗೆ ತಂದೋರು ಜಾನ್ ಕಬಾಟ್-ಜಿನ್, 1979ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಯೂನಿವರ್ಸಿಟಿಯ ಮೆಡಿಕಲ್ ಸ್ಕೂಲಲ್ಲಿ. ಬೇರು ಬುದ್ಧನ ಕಾಲದ ಧ್ಯಾನದ್ದೇ, ಅವರು ಅದನ್ನ 8 ವಾರದ ಕೋರ್ಸ್ ಮಾಡಿದ್ರು ಅಷ್ಟೇ. ಆದ್ರೆ ಯಾರಿಗೋಸ್ಕರ ಶುರು ಮಾಡಿದ್ರು ನೋಡು, ವರ್ಷಗಟ್ಲೆ ನೋವು ತಿಂದು ತಿಂದು, ಡಾಕ್ಟರ ಹತ್ರಾನೂ ಇನ್ನೇನೂ ಉಪಾಯ ಉಳೀದೆ ಇರೋ ಪೇಶೆಂಟ್‌ಗಳಿಗೆ. ನೋವು ಹೋಗಿಸ್ತೀವಿ ಅಂತ ಯಾರೂ ಮಾತು ಕೊಡ್ಲಿಲ್ಲ. ನೋವು ಬೇರೆ, ನೋವಿನ ಬೆನ್ನಿಗೇ ಬರೋ "ಇದು ಹೀಗೇ ಇರುತ್ತೆ, ನನ್ ಜೀವನ ಮುಗೀತು" ಅನ್ನೋ ಕಥೆ ಬೇರೆ ಅಂತ ಬಿಡಿಸಿ ನೋಡೋದನ್ನ ಕಲಿಸಿದ್ರು. ನಿನ್ನ ದಿನದ ತಾಪತ್ರಯಕ್ಕೂ ಬೇಕಾಗಿರೋದು ಅದೇ ಬಿಡಿಸೋ ಕೆಲ್ಸ.

ನಿನ್ನದೇ ಉದಾಹರಣೆ ತಗೋ. ರಾತ್ರಿ ಮಲಗೋ ಹೊತ್ತಿಗೆ ಮ್ಯಾನೇಜರ್ ಮೆಸೇಜು, "ನಾಳೆ ಬೆಳಿಗ್ಗೆ ಮಾತಾಡ್ಬೇಕು." ಅಷ್ಟೇ, ಮೂರೇ ಮೂರು ಪದ. ಓದಿದ ತಕ್ಷಣ ಹೊಟ್ಟೆ ಒಳಗೆ ಏನೋ ಕುಸಿದ ಹಾಗಾಗುತ್ತೆ, ಹಲ್ಲು ಕಚ್ಚಿಕೊಂಡಿರ್ತೀಯ, ಭುಜ ಕಿವಿ ಹತ್ರ ಹೋಗಿರುತ್ತೆ, ಉಸಿರು ಮೇಲೆ ಮೇಲೇ ಆಡ್ತಿರುತ್ತೆ, ಹೆಬ್ಬೆರಳು ಆಗ್ಲೇ ಟೈಪ್ ಮಾಡೋಕೆ ಶುರು ಮಾಡಿರುತ್ತೆ. ತಲೇಲಿ ರಿಪೋರ್ಟ್ ತಪ್ಪಾಯ್ತು, ಕೆಲ್ಸ ಹೋಗುತ್ತೆ, ಮನೆಗೆ ಹೇಗೆ ಹೇಳೋದು, ಅಲ್ಲಿವರೆಗೂ ಓಡಿರುತ್ತೆ. ಮೆಸೇಜಲ್ಲಿ ಇದ್ಯಾವುದೂ ಇರ್ಲಿಲ್ಲ. ಆಮೇಲೆ ಪಕ್ಕದಲ್ಲಿರೋ ರೂಮ್‌ಮೇಟ್ ಲೈಟ್ ಆಫ್ ಮಾಡ್ಲಾ ಅಂತ ಕೇಳಿದ್ರೆ ಅವಳ ಮೇಲೆ ಹಾರ್ತೀಯ, ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ.

ಆ ಹೊತ್ತಲ್ಲಿ ಧ್ಯಾನಕ್ಕೆ ಕೂರು ಅಂತ ನಾನು ಹೇಳಲ್ಲ, ಯಾರ ಕೈಲೂ ಆಗಲ್ಲ. ಫೋನ್ ಉಲ್ಟಾ ಮಾಡಿ ಇಡು. ಎರಡೂ ಪಾದ ನೆಲದ ಮೇಲೆ ಊರು, ನೆಲ ತಣ್ಣಗಿದ್ಯಾ ಬೆಚ್ಚಗಿದ್ಯಾ ನೋಡು. ಮೂಗಲ್ಲಿ ಉಸಿರು ತಗೊಂಡು ಅದಕ್ಕಿಂತ ನಿಧಾನವಾಗಿ ಬಿಡು, ನಾಲ್ಕೆಣಿಸಿ ತಗೊಂಡ್ರೆ ಆರೆಣಿಸಿ ಬಿಡು, ಅದೊಂದು ಐದಾರು ಸಲ. ಇದ್ರಲ್ಲಿ ಮಾಯ ಮಂತ್ರ ಏನಿಲ್ಲ, ಉಸಿರು ಬಿಡೋವಾಗ ಮೆದುಳಿಂದ ಹೃದಯಕ್ಕೆ ಹೋಗೋ ವೇಗಸ್ ನರ ಹೃದಯದ ಬಡಿತಾನ ಸ್ವಲ್ಪ ನಿಧಾನ ಮಾಡುತ್ತೆ, ಅದು ಎಲ್ಲರ ಮೈಯಲ್ಲೂ ಇರೋ ವ್ಯವಸ್ಥೆ. ಆಮೇಲೆ ಒಳಗಿರೋದಕ್ಕೆ ಒಂದು ಹೆಸರು ಕೊಡು, "ಭಯ ಆಗ್ತಿದೆ" ಅಂತ, ಮನಸ್ಸಲ್ಲೇ ಅಂದ್ಕೊಂಡ್ರೂ ಸಾಕು. 2007ರಲ್ಲಿ ಮ್ಯಾಥ್ಯೂ ಲೀಬರ್‌ಮನ್ ಅನ್ನೋರ ತಂಡ ಕ್ಯಾಲಿಫೋರ್ನಿಯಾದಲ್ಲಿ ಜನರನ್ನ ಸ್ಕ್ಯಾನರ್ ಒಳಗೆ ಮಲಗಿಸಿ, ಸಿಟ್ಟಿನ ಮುಖ, ಹೆದರಿದ ಮುಖಗಳ ಫೋಟೋ ತೋರಿಸಿ ನೋಡಿದ್ರು. ಆ ಭಾವನೆಗೆ ಹೆಸರು ಕೊಟ್ಟಾಗ ಮೆದುಳಲ್ಲಿ ಅಪಾಯದ ಗಂಟೆ ಬಾರಿಸೋ ಅಮಿಗ್ಡಲಾ ಭಾಗದ ಚಟುವಟಿಕೆ ಕಮ್ಮಿ ಆಗ್ತಿತ್ತು. ಹೆಸರು ಕೊಟ್ಟ ಮಾತ್ರಕ್ಕೆ ಭಯ ಓಡಿಹೋಗಲ್ಲ, ಆದ್ರೆ ಹೆಬ್ಬೆರಳು ನಿಲ್ಲುತ್ತೆ. ಅಷ್ಟಾದ್ರೆ ರಾತ್ರಿಗೆ ಸಾಕು.

ಎಲ್ಲರಿಗೂ ಕಣ್ಮುಚ್ಚಿ ಕೂರೋದು ಹಿತವಾಗಿ ಇರಲ್ಲ ಅನ್ನೋದನ್ನೂ ಹೇಳ್ಬಿಡ್ತೀನಿ, ಕೆಲವರಿಗೆ ಗಾಬರಿ ಜಾಸ್ತಿನೇ ಆಗುತ್ತೆ. ಹಾಗಾದ್ರೆ ಕಣ್ಬಿಟ್ಕೊಂಡೇ ಮಾಡು, ನಡ್ಕೊಂಡು ಹೋಗ್ತಾ ಮಾಡು. ಬ್ರಿಟನ್ನಲ್ಲಿ 8,000ಕ್ಕಿಂತ ಜಾಸ್ತಿ ಶಾಲಾ ಮಕ್ಕಳ ಮೇಲೆ ಒಂದು ದೊಡ್ಡ ಪ್ರಯೋಗ ಮಾಡಿದ್ರು, 2022ರಲ್ಲಿ ರಿಸಲ್ಟ್ ಬಂತು, ಕ್ಲಾಸಲ್ಲಿ ಎಲ್ಲರಿಗೂ ಒಟ್ಟಿಗೆ ಮೈಂಡ್‌ಫುಲ್‌ನೆಸ್ ಪಾಠ ಮಾಡಿದ್ರಿಂದ ಮಕ್ಕಳ ಮಾನಸಿಕ ಆರೋಗ್ಯಕ್ಕೆ ಮಾಮೂಲಿ ಪಾಠಕ್ಕಿಂತ ಹೆಚ್ಚೇನೂ ಲಾಭ ಆಗ್ಲಿಲ್ಲ. ಬಹಳಷ್ಟು ಮಕ್ಕಳು ಮನೇಲಿ ಅಭ್ಯಾಸಾನೇ ಮಾಡ್ತಿರ್ಲಿಲ್ವಂತೆ, ನಂಗಂತೂ ಆಶ್ಚರ್ಯ ಆಗ್ಲಿಲ್ಲ. ಬಲವಂತಕ್ಕೆ ಹಿಡಿಯೋ ವಿದ್ಯೆ ಅಲ್ಲ ಇದು.

ಇನ್ನು ಕೋಚಿಂಗ್, ಅಂದ್ರೆ ಸಲಹೆ ಕೊಡೋ ಬದ್ಲು ಪ್ರಶ್ನೆ ಕೇಳಿ ಕೇಳಿ ನಿನ್ನ ದಾರಿ ನೀನೇ ಕಂಡ್ಕೊಳ್ಳೋ ಹಾಗೆ ಮಾಡೋದು. ಇದರ ಒಂದು ಬೇರು ಆಟದ ಮೈದಾನದಲ್ಲಿದೆ, ನಂಗೆ ತುಂಬಾ ಇಷ್ಟವಾದ ಕಥೆ. 1970ರ ದಶಕದಲ್ಲಿ ತಿಮೋತಿ ಗಾಲ್ವೆ ಅಂತ ಒಬ್ರು ಅಮೆರಿಕದ ಟೆನಿಸ್ ಮೇಷ್ಟ್ರು. ಕೈ ಹೀಗಿಡು, ಮಂಡಿ ಹಾಗೆ ಬಗ್ಗಿಸು ಅಂತ ಹೇಳಿದಷ್ಟೂ ಕಲಿಯೋರು ಬಿಗಿಯಾಗ್ತಾರೆ ಅಂತ ಅವರಿಗೆ ಕಾಣಿಸ್ತು. ಹೇಳೋದನ್ನ ಬಿಟ್ಟು ಒಂದು ಸಣ್ಣ ಕೆಲ್ಸ ಕೊಟ್ರು, ಬಾಲ್ ನೆಲಕ್ಕೆ ಬಡಿದಾಗ "ಪುಟೀತು" ಅನ್ನು, ರ್‍ಯಾಕೆಟ್‌ಗೆ ತಾಗಿದಾಗ "ಹೊಡ್ದೆ" ಅನ್ನು, ಬೇರೇನೂ ಮಾಡ್ಬೇಡ ಅಂತ. ಗಮನ ಬಾಲಿನ ಮೇಲೆ ನಿಂತ ತಕ್ಷಣ, ತನ್ನನ್ನೇ ಬೈಕೊಳ್ಳೋ ಒಳಗಿನ ದನಿ ಸುಮ್ಮನಾಗ್ತಿತ್ತು, ಹೊಡೆತ ತಾನಾಗೇ ಸರಿ ಹೋಗ್ತಿತ್ತು. ನೋಡಿದ್ಯಾ, ನೀನು ಎರಡು ಬೇರೆ ಬೇರೆ ಅಂದ್ಕೊಂಡಿದ್ದೆ, ಇಲ್ಲೂ ಶುರುವಾಗೋದು ಇರೋದನ್ನ ಇರೋ ಹಾಗೆ ನೋಡೋದ್ರಿಂದಾನೇ. ಅವರ ಜೊತೆ ಕಲಿತ ಜಾನ್ ವಿಟ್ಮೋರ್, ಹಿಂದೆ ಕಾರ್ ರೇಸ್ ಓಡಿಸ್ತಿದ್ದ ಇಂಗ್ಲಿಷ್ ಮನುಷ್ಯ, ಇದನ್ನ ಆಫೀಸುಗಳಿಗೆ ತಂದ್ರು. ಕೋಚ್‌ಗಳು ಎಲ್ಲ ಕಡೆ ಬಳಸೋ ಗ್ರೋ (GROW) ಅನ್ನೋ ಪ್ರಶ್ನೆಗಳ ಮಾಡೆಲ್‌ನ ಜನಪ್ರಿಯ ಮಾಡಿದ್ದು ಅವರೇ. ಏನು ಬೇಕು, ಈಗ ಏನಿದೆ, ಏನೇನು ದಾರಿ ಇದೆ, ಅದ್ರಲ್ಲಿ ಯಾವುದನ್ನ ಯಾವತ್ತು ಮಾಡ್ತೀಯ, ನಾಲ್ಕೇ ಪ್ರಶ್ನೆ.

ರೂಮ್‌ಮೇಟ್ ಜೊತೆ ನಿಂಗಿರೋ ಪಾತ್ರೆ ತೊಳೆಯೋ ಜಗಳಕ್ಕೆ ಈ ನಾಲ್ಕು ಪ್ರಶ್ನೆ ಹಾಕಿ ನೋಡೋಣ ಬಾ. ಏನು ಬೇಕು ಅಂತ ಕೇಳಿದ್ರೆ ನೀನು "ಅವಳಿಗೆ ಸ್ವಲ್ಪ ಜವಾಬ್ದಾರಿ ಬರ್ಬೇಕು" ಅಂತೀಯ. ಅದು ನಿನ್ನ ಗುರಿ ಅಲ್ಲ ಕಣೆ, ಅವಳ ಬಗ್ಗೆ ನಿನ್ನ ತೀರ್ಪು. ಬೆಳಿಗ್ಗೆ ಎದ್ದಾಗ ಸಿಂಕ್ ಖಾಲಿ ಇರ್ಬೇಕು, ಇದು ಗುರಿ. ಈಗ ಏನಿದೆ? "ಯಾವಾಗ್ಲೂ ನಾನೇ ತೊಳೆಯೋದು." ಯಾವಾಗ್ಲೂ ಅಂದ್ರೆ ಈ ವಾರ ಎಷ್ಟು ದಿನ? ಅವಳು ತೊಳೆದ ದಿನ ಯಾವುದಾದ್ರೂ ಇದ್ಯಾ, ಆ ದಿನ ಏನು ಬೇರೆ ಇತ್ತು? ಅವಳ ಹತ್ರ ನೇರವಾಗಿ ಹೇಳಿದ್ಯಾ, ಇಲ್ಲಾ ಪಾತ್ರೆ ದಡಬಡ ಕುಕ್ಕಿ ಅರ್ಥ ಮಾಡ್ಕೊಳ್ಳಲಿ ಅಂತ ಬಿಟ್ಯಾ? ಇಲ್ಲಿಗೆ ಬರೋ ಹೊತ್ತಿಗೆ ಅರ್ಧ ಸಿಟ್ಟು ಇಳಿದಿರುತ್ತೆ, ಯಾಕಂದ್ರೆ ಕಥೆ ಪಕ್ಕಕ್ಕೆ ಹೋಗಿ ನಡೆದಿದ್ದು ಮಾತ್ರ ಉಳಿದಿರುತ್ತೆ. ದಾರಿ ಏನೇನಿದೆ ಅಂದಾಗ ಒಂದಕ್ಕೇ ನಿಲ್ಲಬೇಡ, ತಿಕ್ಕಲು ಅನ್ನಿಸೋದನ್ನೂ ಸೇರಿಸಿ ನಾಲ್ಕೈದು ಬರಿ. ಕೊನೇ ಪ್ರಶ್ನೇಲಿ ಎಲ್ಲರೂ ಜಾರಿಕೊಳ್ತಾರೆ, "ಒಂದಿನ ಮಾತಾಡ್ತೀನಿ" ಅಂತ. ಪೀಟರ್ ಗೋಲ್‌ವಿಟ್ಜರ್ ಅನ್ನೋ ಮನಶ್ಶಾಸ್ತ್ರಜ್ಞರು ತುಂಬಾ ವರ್ಷ ಇದ್ರ ಮೇಲೇ ಕೆಲ್ಸ ಮಾಡಿದಾರೆ, "ಮಾಡ್ತೀನಿ" ಅನ್ನೋ ಸಂಕಲ್ಪಕ್ಕಿಂತ "ಇಂಥದ್ದು ಆದಾಗ ಇಂಥದ್ದು ಮಾಡ್ತೀನಿ" ಅಂತ ಗಂಟು ಹಾಕಿಟ್ಟಿದ್ದು ನಡೆಯೋ ಸಾಧ್ಯತೆ ಜಾಸ್ತಿ. "ಶನಿವಾರ ಇಬ್ರೂ ಕಾಫಿ ಹಿಡ್ಕೊಂಡು ಕೂತಾಗ ದಿನ ಹಂಚ್ಕೊಳ್ಳೋಣ ಅಂತ ಕೇಳ್ತೀನಿ", ಇಷ್ಟು ಸ್ಪಷ್ಟವಾಗಿರ್ಲಿ.

ನಿಂಗೆ ನೀನೇ ಕೇಳ್ಕೊಳ್ಳೋವಾಗ "ಯಾಕೆ ನಂಗೇ ಹೀಗಾಗುತ್ತೆ" ಅಂತ ಮಾತ್ರ ಶುರು ಮಾಡ್ಬೇಡ. ಯಾಕೆ ಅಂದ ತಕ್ಷಣ ಮನಸ್ಸು ವಕೀಲನ ಥರ ಸಾಕ್ಷಿ ಹುಡುಕೋಕೆ ಹೋಗುತ್ತೆ, ಒಂದೋ ತನ್ನ ಪರ ಇಲ್ಲಾ ತನ್ನ ವಿರುದ್ಧಾನೇ. ಈಗ ಏನಾಗ್ತಿದೆ, ಮುಂದೆ ಏನು ಮಾಡ್ಬಹುದು, ಈ ಎರಡು ಸಾಕು. (ಅಮ್ಮಂದಿರು ಒಳ್ಳೆ ಕೋಚ್ ಆಗೋದು ಯಾಕೆ ಕಷ್ಟ ಗೊತ್ತಾ, ಪ್ರಶ್ನೆ ಕೇಳೋಕ್ ಮುಂಚೇನೇ ಉತ್ತರ ಬಾಯಲ್ಲಿ ರೆಡಿ ಇರುತ್ತೆ. ಅದಕ್ಕೇ ನೀನು ಹೊರಗಿನ ಒಬ್ರ ಹತ್ರ ಹೋಗ್ತೀನಿ ಅಂದ್ರೆ ನಂಗೇನೂ ಬೇಜಾರಿಲ್ಲ.)

ಒಂದು ವಿಷ್ಯದಲ್ಲಿ ಮಾತ್ರ ನಂಗೆ ತಕರಾರಿದೆ. ಕೆಲವು ಕಡೆ ಕೆಲ್ಸದ ಹೊರೆ ಒಂಚೂರೂ ಇಳಿಸ್ದೆ, ಸ್ಟ್ರೆಸ್ ಆಗ್ತಿದ್ರೆ ಉಸಿರಾಟ ಮಾಡಿ ಅಂತ ಒಂದು ಸೆಷನ್ ಇಟ್ಟು ಕೈ ತೊಳ್ಕೊಳ್ತಾರೆ. ಎರಡು ಜನದ ಕೆಲ್ಸ ಒಬ್ಳ ಮೇಲೆ ಬಿದ್ದಿದ್ರೆ ಅದು ನಿನ್ನ ಮನಸ್ಸಿನ ಸಮಸ್ಯೆ ಅಲ್ಲ. ಸಮಾಧಾನವಾಗಿ ನೋಡೋದು ಕಲಿಯೋದು, ಸಹಿಸ್ಕೊಂಡು ಕೂರೋಕಲ್ಲ, "ಇದರಲ್ಲಿ ಯಾವುದನ್ನ ಮೊದಲು ಮಾಡ್ಲಿ, ಯಾವುದನ್ನ ಬಿಡ್ಲಿ ಹೇಳಿ" ಅಂತ ದನಿ ನಡುಗ್ದೆ ಕೇಳೋಕೆ.

ಹಾಗೇ ಕೋಚ್ ಡಾಕ್ಟರ್ ಅಲ್ಲ. ವಾರಗಟ್ಲೆ ನಿದ್ದೆ ಇಲ್ಲ, ಊಟ ಸೇರಲ್ಲ, ಯಾವುದ್ರಲ್ಲೂ ಆಸೆ ಇಲ್ಲ, ಬದುಕೋದೇ ಬೇಡ ಅನ್ನಿಸುತ್ತೆ ಅಂದ್ರೆ ಅಲ್ಲಿ ಉಸಿರೂ ಸಾಲಲ್ಲ, ನಾಲ್ಕು ಪ್ರಶ್ನೇನೂ ಸಾಲಲ್ಲ, ಸೀದಾ ಮನೋವೈದ್ಯರ ಹತ್ರ, ಎಷ್ಟೊತ್ತಾದ್ರೂ ನಂಗೊಂದು ಫೋನು. 2022ರಲ್ಲಿ ಬಂದ ಒಂದು ಅಧ್ಯಯನದಲ್ಲಿ ಆತಂಕದ ಕಾಯಿಲೆ ಇದ್ದ 276 ಜನರಲ್ಲಿ ಕೆಲವರಿಗೆ ಕಬಾಟ್-ಜಿನ್ ಅವರ ಆ 8 ವಾರದ ಕೋರ್ಸು, ಉಳಿದವರಿಗೆ ಆತಂಕಕ್ಕೆ ಡಾಕ್ಟರ್‌ಗಳು ಬರೆಯೋ ಎಸ್ಸಿಟಲೋಪ್ರಾಮ್ ಮಾತ್ರೆ ಕೊಟ್ಟು ನೋಡಿದಾಗ ಗುಣ ಹೆಚ್ಚುಕಮ್ಮಿ ಸಮ ಬಂತು. ನಿನ್ನ ಫ್ರೆಂಡ್ ಇದನ್ನೇ ಹಿಡ್ಕೊಂಡು ಮಾತ್ರೆ ಬಿಡ್ತೀನಿ ಅಂತಿದಾಳೆ ಅಂದ್ಯಲ್ಲ, ಅವಳಿಗೆ ಹೇಳು, ಆ ಅಧ್ಯಯನದಲ್ಲಿ ಕೋರ್ಸ್ ಮಾಡಿದೋರು ಕಲಿತಿದ್ದು ನುರಿತ ಟೀಚರ್ ಹತ್ರ, ವಾರ ವಾರ ಕ್ಲಾಸಿಗೆ ಹೋಗಿ, ಮನೇಲೂ ದಿನಾ ಮುಕ್ಕಾಲು ಗಂಟೆ ಕೂತು. ಡಾಕ್ಟರ್‌ನ ಕೇಳ್ದೆ ಮಾತ್ರೆ ನಿಲ್ಲಿಸೋ ಹಾಗಿಲ್ಲ.

ಕೋಚ್ ಹುಡುಕೋದಾದ್ರೆ, ಡಾಕ್ಟರ್‌ಗಿರೋ ಹಾಗೆ ಇವರಿಗೆ ಲೈಸೆನ್ಸ್ ಬೇಕು ಅಂತ ರೂಲ್ ಇಲ್ಲ, ಬೋರ್ಡ್ ಹಾಕ್ಕೊಂಡೋರೆಲ್ಲ ಕೋಚ್‌ಗಳೇ. 1995ರಲ್ಲಿ ಶುರುವಾದ ಇಂಟರ್‌ನ್ಯಾಷನಲ್ ಕೋಚಿಂಗ್ ಫೆಡರೇಶನ್ ಕೊಡೋ ಸರ್ಟಿಫಿಕೇಟ್ ಇದ್ಯಾ ಕೇಳು, ಅದರ ಮೊದಲ ಹಂತಕ್ಕೇ 100 ಗಂಟೆ ಕೋಚಿಂಗ್ ಮಾಡಿರ್ಬೇಕು, ಮುಂದಿನ ಹಂತಕ್ಕೆ 500. ಸರ್ಟಿಫಿಕೇಟಿಗಿಂತ ಮೊದಲ ಮಾತುಕತೇಲಿ ಗೊತ್ತಾಗುತ್ತೆ, ಯಾರು ಜಾಸ್ತಿ ಮಾತಾಡಿದ್ರು ನೋಡು. ಅರ್ಧ ಗಂಟೇಲಿ ಇಪ್ಪತ್ತೈದು ನಿಮಿಷ ಅವರದ್ದೇ ಸಾಧನೆ ಕೇಳ್ಕೊಂಡು ಬಂದ್ರೆ ಬೇಡ. ಮೂರು ತಿಂಗಳಲ್ಲಿ ಜೀವನಾನೇ ಬದಲಾಯಿಸ್ತೀನಿ ಅಂದ್ರೂ ಬೇಡ, ಇವತ್ತೇ ಪೂರ್ತಿ ಪ್ಯಾಕೇಜ್ ಕಟ್ಟಿದ್ರೆ ಡಿಸ್ಕೌಂಟ್ ಅಂದ್ರಂತೂ ಎದ್ದು ಬಾ.

ನೀನು ಹೇಳಿದ ಆ ಇಬ್ರು ಕೋಚ್‌ಗಳ ಹತ್ರಾನೂ ಮೊದಲ ಮಾತುಕತೆ ಮಾಡ್ನೋಡು. ಮುಗಿದ ಮೇಲೆ ಫೋನ್ ಮಾಡು, ಫೀಸ್ ಜಾಸ್ತಿ ಅನ್ನಿಸಿದ್ರೆ ಅಪ್ಪನ ಹತ್ರ ನಾನೇ ಮಾತಾಡ್ತೀನಿ.

ನಿನ್ನ
ಅಮ್ಮ