ಮರೆಯಲಾ ಅಂದರೆ ಬೇರೆ, ಮರೆಯಲಾರೆ ಅಂದರೆ ಬೇರೆ

ಮಾನ್ಯ ಸಂಪಾದಕರೇ,

ವಾರದ ಕೊನೆಯಲ್ಲಿ ಟೀವಿಯಲ್ಲಿ ಬರುವ ಹಾಡಿನ ಸ್ಪರ್ಧೆಯ ಬಗ್ಗೆ ಈ ಪತ್ರ. ಯಾವ ಚಾನೆಲ್ಲು, ಯಾವ ಕಾರ್ಯಕ್ರಮ ಅಂತ ಬರೆಯುವುದಿಲ್ಲ, ನೋಡುವವರಿಗೆ ಗೊತ್ತಾಗುತ್ತದೆ. ಸ್ಪರ್ಧಿಗಳ ಹೆಸರೂ ಬೇಡ. ಇನ್ನೂ ಚಿಕ್ಕ ವಯಸ್ಸಿನವರು, ಪೇಪರಿನಲ್ಲಿ ಹೆಸರು ಹಾಕಿ ತಪ್ಪು ಹುಡುಕಿದರೆ ನನಗೇ ಬೇಜಾರಾಗುತ್ತದೆ. ಆದರೆ ಹೋದ ವಾರ ಆ ಎತ್ತರದ ಹುಡುಗಿಯನ್ನು ಮನೆಗೆ ಕಳಿಸಿದ ಮೇಲೆ ಸುಮ್ನೆ ಇರೋಕೆ ಆಗಲಿಲ್ಲ.

ಮೊದಲು ನಮ್ಮ ಅತ್ತೆಯವರ ವಿಷಯ ಹೇಳಬೇಕು. ಕಣ್ಣಿನ ಆಪರೇಷನ್ ಆದಮೇಲೆ ಟೀವಿ ಬೆಳಕು ಚುಚ್ಚುತ್ತದೆ ಅಂತ ಅವರು ಗೋಡೆ ಕಡೆ ತಿರುಗಿ ಮಲಗಿಕೊಂಡೇ ಕಾರ್ಯಕ್ರಮ ಕೇಳುತ್ತಾರೆ. ಅವರಿಗೆ ಲೈಟು ಕಾಣುವುದಿಲ್ಲ, ಹೊಗೆ ಕಾಣುವುದಿಲ್ಲ, ಯಾರು ಯಾವ ಬಟ್ಟೆ ಹಾಕಿದ್ದಾರೆ, ಯಾರ ಅಮ್ಮ ಕಣ್ಣು ಒರೆಸಿಕೊಳ್ಳುತ್ತಿದ್ದಾರೆ, ಯಾವುದೂ ಗೊತ್ತಾಗುವುದಿಲ್ಲ. ಕಿವಿ ಮಾತ್ರ. ನಾಲ್ಕು ವಾರದಿಂದ ನೋಡುತ್ತಿದ್ದೇನೆ, ಅತ್ತೆ ಚೆನ್ನಾಗಿದೆ ಅಂದವರಿಗೂ ಜಡ್ಜುಗಳು ಎದ್ದು ನಿಂತು ಚಪ್ಪಾಳೆ ಹೊಡೆದವರಿಗೂ ತಾಳೆಯೇ ಆಗುತ್ತಿಲ್ಲ. ಮೊದಮೊದಲು ನಕ್ಕೆ. ಆಮೇಲೆ ನಾನೂ ಕಣ್ಣು ಮುಚ್ಚಿಕೊಂಡು ಕೇಳೋಕೆ ಶುರು ಮಾಡಿದೆ. ಈಗ ನನಗೂ ತಾಳೆಯಾಗುತ್ತಿಲ್ಲ.

ಉದ್ದ ಕೂದಲಿನ ಹುಡುಗನನ್ನೇ ತೆಗೆದುಕೊಳ್ಳಿ. ಸದ್ಯಕ್ಕೆ ಎಲ್ಲರ ಮೆಚ್ಚಿನವನು, ಗೆಲ್ಲುವವನೂ ಅವನೇ ಇರಬೇಕು. ದನಿ ನಿಜವಾಗಿ ಚೆನ್ನಾಗಿದೆ, ತಾರ ಸ್ಥಾಯಿಗೆ ಏಣಿ ಇಲ್ಲದೇ ಹತ್ತುತ್ತಾನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಕಡೆ ನಿಂತು ಹಾಡುವುದಿಲ್ಲ. ಪಲ್ಲವಿ ಈ ತುದಿಯಲ್ಲಿ, ಚರಣ ಆ ತುದಿಯಲ್ಲಿ, ನಡುವೆ ಒಂದು ಜಿಗಿತ. ಅತ್ತೆ ಗೋಡೆ ಕಡೆಯಿಂದಲೇ ಕೇಳಿದರು, "ಯಾರೇ ಅದು, ಮೆಟ್ಟಿಲು ಹತ್ತಿ ಬಂದು ಹಾಡ್ತಿರೋದು?" ಉಸಿರು ಎಲ್ಲಿ ತೆಗೆದುಕೊಳ್ಳಬೇಕು ಅನ್ನುವ ಲೆಕ್ಕ ಅವನಿಗೆ ಇಲ್ಲ, ಅಥವಾ ಓಡಾಟದಲ್ಲಿ ಅದು ತಪ್ಪಿಹೋಗುತ್ತದೆ. ಆವತ್ತಿನ ಹಾಡಿನಲ್ಲಿ 'ಮರೆಯಲಾರೆ' ಅಂತ ಒಂದು ಪದ ಇತ್ತು. ಅವನು 'ಮರೆಯಲಾ' ಅಂತ ಹಾಡಿ, ಗಪ್ಪನೆ ಉಸಿರು ಎಳೆದುಕೊಂಡು, ಆಮೇಲೆ 'ರೆ' ಅಂದ. ಮರೆಯಲಾರೆ ಅಂದರೆ ಮರೆಯೋಕೆ ಆಗುವುದಿಲ್ಲ. ಮರೆಯಲಾ ಅಂದರೆ ಮರೆತುಬಿಡಲಾ ಅಂತ ಕೇಳಿದ ಹಾಗೆ! ಹಾಡು ಬರೆದವರು ಪಾಪ ಜನ್ಮಜನ್ಮದ ಪ್ರೀತಿ ಅಂತ ಬರೆದಿದ್ದರೆ ಇವನು ಒಂದು ಉಸಿರಿನಲ್ಲಿ ಪರ್ಮಿಷನ್ ಕೇಳಿಬಿಟ್ಟ. ಮೂರು ಸಲ ಆ ಸಾಲು ಬಂತು, ಮೂರು ಸಲವೂ ಅಲ್ಲೇ ಮುರಿದ. ಜಡ್ಜುಗಳಲ್ಲಿ ಒಬ್ಬರಾದರೂ ಇದನ್ನು ಹೇಳಬೇಕಿತ್ತು ಅಲ್ವಾ? ಒಬ್ಬರು "ಬೆಂಕಿ" ಅಂದರು, ಇನ್ನೊಬ್ಬರು "ಬೆಂಕಿ ಬೆಂಕಿ" ಅಂದರು, ಮೂರನೆಯವರು ಕುರ್ಚಿ ಮೇಲೆ ಹತ್ತಿ ನಿಂತರು.

ಹೇಳಿದ್ದರೆ ಆ ಹುಡುಗ ಮುಂದಿನ ವಾರಕ್ಕೇ ತಿದ್ದಿಕೊಳ್ಳುತ್ತಿದ್ದ, ಅಷ್ಟು ಚುರುಕಾಗಿದ್ದಾನೆ. ಹೊಗಳಿ ಹೊಗಳಿ ಅವನನ್ನೇ ಹಾಳು ಮಾಡುತ್ತಿದ್ದಾರೆ ಅನ್ನುವುದು ನನ್ನ ಸಿಟ್ಟು.

ಉಚ್ಚಾರಣೆಯದ್ದೂ ಇದೇ ಕಥೆ. ಗುಂಗುರು ಕೂದಲಿನ ಹುಡುಗಿ ಒಬ್ಬಳಿದ್ದಾಳೆ, ಸಂಗತಿಗಳನ್ನು, ಅಂದರೆ ಒಂದೇ ಸಾಲನ್ನು ಬೇರೆ ಬೇರೆ ಥರ ತಿರುಗಿಸಿ ಹಾಡುವುದನ್ನು, ನೀರು ಕುಡಿದ ಹಾಗೆ ಹಾಕುತ್ತಾಳೆ, ತಾಳದಲ್ಲಿ ಒಂದು ಕೂದಲೆಳೆಯೂ ಆಚೀಚೆ ಇಲ್ಲ. ಆದರೆ 'ಕೊಳಲು' ಅವಳ ಬಾಯಲ್ಲಿ 'ಕೊಲಲು' ಆಗುತ್ತದೆ, 'ಬಾಳು' 'ಬಾಲು' ಆಗುತ್ತದೆ. ಕೊಳಲು ನುಡಿಸುವವನು ಯಾರನ್ನು ಕೊಲ್ಲೋಕೆ ಹೊರಟ ಅಂತ ನಮ್ಮ ಮಗ ಕೇಳಿದ. ಅವಳ ಮನೆಮಾತು ಕನ್ನಡ ಅಲ್ಲ, ಅದಕ್ಕೆ ರಿಯಾಯಿತಿ ಕೊಡಬೇಕು ಅಂತ ನಿರೂಪಕಿ ಹೇಳಿದರು. ಯಾಕೆ ಕೊಡಬೇಕು? ಪಿ.ಬಿ. ಶ್ರೀನಿವಾಸ್ ಅವರ ಮಾತೃಭಾಷೆ ತೆಲುಗು, ಎಸ್. ಜಾನಕಿಯವರದ್ದೂ ತೆಲುಗು, ಎಸ್.ಪಿ. ಬಾಲಸುಬ್ರಹ್ಮಣ್ಯಂ ಅವರದ್ದೂ ತೆಲುಗು. ಅವರು ಹಾಡಿದ ಕನ್ನಡದಲ್ಲಿ ಒಂದು 'ಳ' ಜಾರಿದ್ದು ತೋರಿಸಿ ನೋಡೋಣ. ರಿಯಾಯಿತಿ ಬೇಡ, ಪಕ್ಕದಲ್ಲಿ ಕೂತು ನಾಲ್ಕು ಸಲ ಹೇಳಿಕೊಡುವವರು ಬೇಕು. ಈಟಿವಿ ಕನ್ನಡದಲ್ಲಿ 'ಎದೆ ತುಂಬಿ ಹಾಡುವೆನು' ಬರುತ್ತಿದ್ದಾಗ ಎಸ್‌ಪಿಬಿ ಹೊಗಳಿಕೆಯ ಜೊತೆಗೆ ತಪ್ಪನ್ನೂ ಹೇಳುತ್ತಿದ್ದರು, ಹೇಳಿ ತಾವೇ ಹಾಡಿ ತೋರಿಸುತ್ತಿದ್ದರು. ಹಾಡು ಬರೆದವರು ಯಾರು, ರಾಗ ಹಾಕಿದವರು ಯಾರು ಅನ್ನುವ ಮಾತೂ ಬರುತ್ತಿತ್ತು. ಅವರು 2020ರಲ್ಲಿ ಹೋದರು. ಆ ಅಭ್ಯಾಸ ಅವರಿಗಿಂತ ಮುಂಚೆಯೇ ಹೋಗಿತ್ತು ಅನಿಸುತ್ತದೆ ನನಗೆ.

ಈಗ ಎತ್ತರದ ಹುಡುಗಿ. ಅವಳಿಗೆ ಕೊಟ್ಟದ್ದು ನಿಧಾನದ ಹಾಡು, ಅದೂ ಗಂಡಸರು ಹಾಡಿದ್ದು. ಹಾಡುವವರಿಗೆಲ್ಲ ಗೊತ್ತಿರುವ ವಿಷಯ, ಗಂಡಸಿನ ಶ್ರುತಿಗೂ (ಹಾಡಿಗೆ ಆಧಾರವಾಗಿ ಇಟ್ಟುಕೊಳ್ಳುವ ಸ್ವರ) ಹೆಂಗಸಿನ ಶ್ರುತಿಗೂ ಸಾಮಾನ್ಯವಾಗಿ ನಾಲ್ಕೈದು ಸ್ವರದ ಅಂತರ ಇರುತ್ತದೆ. ಗಂಡಸರ ಹಾಡನ್ನು ಅದೇ ಶ್ರುತಿಯಲ್ಲಿ ಹೆಣ್ಣುಮಗಳಿಗೆ ಕೊಟ್ಟರೆ ಒಂದೋ ಮಂದ್ರದಲ್ಲಿ, ಅಂದರೆ ತೀರಾ ತಗ್ಗಿನ ಸ್ವರಗಳಲ್ಲಿ ಮುಳುಗಬೇಕು, ಇಲ್ಲವೇ ಒಂದು ಸ್ಥಾಯಿ ಮೇಲೆ ಹಾಡಿ ಕಿರುಚಬೇಕು. ವಾದ್ಯದವರು ಅಲ್ಲೇ ಕೂತಿದ್ದರು, ಸ್ವಲ್ಪ ಶ್ರುತಿ ಏರಿಸಿಕೊಟ್ಟಿದ್ದರೆ ಮುಗಿದಿತ್ತು. ಕೊಡಲಿಲ್ಲ. ಅವಳು ಕೆಳಗಿನ ಸ್ವರಗಳನ್ನು ಮೆಲ್ಲಗೆ, ಮಾತಾಡಿದ ಹಾಗೆ ಹಾಡಿದಳು. ಎರಡನೇ ಚರಣ ಶುರುವಾಗುವಾಗ ಕಿವಿಯಲ್ಲಿ ಸಿಕ್ಕಿಸಿದ್ದ ಇಯರ್‌ಫೋನ್ ಕಳಚಿ ಭುಜದ ಮೇಲೆ ಬಿತ್ತು. ಅದರಲ್ಲೇ ತಾನೇ ಅವರಿಗೆ ವಾದ್ಯ ಸರಿಯಾಗಿ ಕೇಳುವುದು? ಅವಳು ಅದನ್ನು ಎತ್ತಲಿಲ್ಲ. ಎಡಗೈ ಬೆರಳಿನಿಂದ ತೊಡೆ ಮೇಲೆ ತಾಳ ಹಾಕಿಕೊಂಡಳು, ಕಣ್ಣು ಮುಚ್ಚಿದಳು, ಹಾಡಿಕೊಂಡು ಹೋದಳು. ಕೊನೆಯ ಸಾಲಿಗೆ ವಾದ್ಯ ನಿಂತು ಅವಳ ದನಿ ಒಂದೇ ಉಳಿಯಿತು, ಮತ್ತೆ ಕೊಳಲು ಬಂದು ಸೇರಿದಾಗ ಎರಡೂ ಒಂದೇ ಶ್ರುತಿಯಲ್ಲಿದ್ದವು. ಅತ್ತೆ ಈ ಕಡೆ ತಿರುಗಿ ಕೂತರು. ಏನೂ ಹೇಳಲಿಲ್ಲ, ಕೂತರು ಅಷ್ಟೇ.

ತೀರ್ಪು ಏನು ಗೊತ್ತಾ? "ಪವರ್ ಸಾಲದು, ಎನರ್ಜಿ ಕಮ್ಮಿ." ಎಲಿಮಿನೇಷನ್.

ಅವಳ ಇನ್ನೊಂದು ತಪ್ಪು ಏನಂದರೆ ಅವಳಿಗೆ ಕಥೆ ಇಲ್ಲ. ಅಪ್ಪ ಅಮ್ಮ ಇಬ್ಬರೂ ಚೆನ್ನಾಗಿದ್ದಾರೆ, ಕಾಲೇಜು ಓದುತ್ತಿದ್ದಾಳೆ, ಹಾಡು ಇಷ್ಟ, ಹಾಡೋಕೆ ಬಂದಿದ್ದಾಳೆ. ಇದರಲ್ಲಿ ಎರಡು ನಿಮಿಷದ ವಿಡಿಯೋ ಹೇಗೆ ಮಾಡುವುದು! ಅದೇ ಕೂಲಿ ಮಾಡಿಕೊಂಡು ಹಾಡು ಕಲಿತ ಹುಡುಗನ ಕಥೆ ತೋರಿಸಿದಾಗ ನಾನೂ ಅತ್ತಿದ್ದೇನೆ, ಸುಳ್ಳು ಯಾಕೆ ಹೇಳಲಿ. ಆದರೆ ಅತ್ತಿದ್ದು ಕಥೆಗೆ, ಆಗಿನ್ನೂ ಅವನು ಬಾಯಿಯೇ ತೆರೆದಿರಲಿಲ್ಲ. ಅವನ ದನಿಯಲ್ಲಿ ಒಂದು ಮಣ್ಣಿನ ಗುಣ ಇದೆ, ತತ್ವಪದ ಹಾಡಿದರೆ ಮೈ ಜುಮ್ ಅನ್ನುತ್ತದೆ, ಅದರ ಬಗ್ಗೆ ಅರ್ಧ ವಾಕ್ಯ. ಉಳಿದದ್ದೆಲ್ಲ ಕಷ್ಟದ ಬಗ್ಗೆ. ಪ್ರತಿ ವಾರ ಅದೇ ಕಷ್ಟ, ಅದೇ ಪಿಟೀಲು. ಅವನಿಗೇ ಮುಜುಗರ ಆಗುತ್ತಿರುವುದು ಮುಖದಲ್ಲಿ ಕಾಣುತ್ತದೆ. ಹೋದ ವಾರ ನೆಲ ನೋಡುತ್ತಾ ನಿಂತಿದ್ದ.

ಮಕ್ಕಳ ವಿಷಯ ಜಾಸ್ತಿ ಬರೆಯುವುದಿಲ್ಲ. ಹತ್ತು ಹನ್ನೊಂದರ ಹುಡುಗಿಯ ಕೈಯಲ್ಲಿ ವಿರಹದ ಹಾಡು ಹಾಡಿಸಿ "ಎಂಥಾ ಫೀಲ್" ಅನ್ನುವವರಿಗೆ ಏನು ಹೇಳುವುದು.

ಹೊರಗೆ ಹೋದವರೆಲ್ಲ ಕಳೆದುಹೋಗುವುದಿಲ್ಲ, ಅದೂ ನಿಜ. ಅರಿಜಿತ್ ಸಿಂಗ್ 2005ರಲ್ಲಿ 'ಫೇಮ್ ಗುರುಕುಲ್' ಸ್ಪರ್ಧೆಯಲ್ಲಿ ಗೆಲ್ಲದೇ ಹೊರಬಿದ್ದವರು. 'ಅಮೆರಿಕನ್ ಐಡಲ್'ನಲ್ಲಿ ಜೆನಿಫರ್ ಹಡ್ಸನ್ 2004ರಲ್ಲಿ ಏಳನೇ ಸ್ಥಾನಕ್ಕೇ ಮನೆಗೆ ಹೋದರು, ಆಮೇಲೆ ಆಸ್ಕರ್, ಗ್ರ್ಯಾಮಿ ಎರಡೂ ಬಂತು. ಈ ಸಮಾಧಾನವನ್ನು ನಮ್ಮ ಮನೆಯವರು ಆವತ್ತು ರಾತ್ರಿಯೇ ಹೇಳಿದರು. ಸರಿ, ಆದರೆ ಒಬ್ಬರು ಅರಿಜಿತ್ ಆದರು ಅಂತ ಉಳಿದವರನ್ನು ಹೇಗೆ ಬೇಕಾದರೂ ಕಳಿಸಬಹುದಾ? ಅವಳು ಎಲ್ಲಿ ತಪ್ಪಿದಳು ಅಂತ ಅವಳಿಗೂ ನಮಗೂ ತಿಳಿಯಬೇಕಲ್ಲ.

ಅದಕ್ಕೆ ನನ್ನದು ದೊಡ್ಡ ಬೇಡಿಕೆ ಏನಿಲ್ಲ. ಶ್ರುತಿಗೆ ಎಷ್ಟು, ತಾಳಕ್ಕೆ ಎಷ್ಟು, ಸಾಹಿತ್ಯಕ್ಕೆ ಎಷ್ಟು ಅಂತ ಜಡ್ಜುಗಳ ಮಾರ್ಕ್ಸ್ ಬಿಡಿಬಿಡಿಯಾಗಿ ತೆರೆ ಮೇಲೆ ಹಾಕಲಿ. ಜನರ ವೋಟು ಬೇರೆ ತೋರಿಸಲಿ, ಎರಡನ್ನೂ ಕಲಸಿ ಒಂದು ಲೆಕ್ಕ ಕೊಡುವುದು ಬೇಡ. ಮತ್ತೆ ನಮಗೆ ಕೇಳಿಸುವ ದನಿಯನ್ನು ಕಂಪ್ಯೂಟರಿನಲ್ಲಿ ತಿದ್ದಿದ್ದರೆ ಅದನ್ನೂ ಹೇಳಲಿ. 2010ರಲ್ಲಿ ಬ್ರಿಟನ್ನಿನ 'ದಿ ಎಕ್ಸ್ ಫ್ಯಾಕ್ಟರ್'ನಲ್ಲಿ ಸ್ಪರ್ಧಿಗಳ ದನಿಗೆ ಆಟೋಟ್ಯೂನ್ ಹಾಕಿದ್ದಾರೆ ಅಂತ ದೊಡ್ಡ ಗಲಾಟೆಯೇ ಆಗಿತ್ತು. ಇಲ್ಲಿ ಹಾಗೆ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ, ಕೇಳುತ್ತಿದ್ದೇನೆ.

ಮುಂದಿನ ವಾರ ವೈಲ್ಡ್ ಕಾರ್ಡ್ ಇದೆ, ಹೊರಗೆ ಹೋದವರಿಗೆ ಇನ್ನೊಂದು ಅವಕಾಶ ಅಂತ ಪ್ರೋಮೋ ಬರುತ್ತಿದೆ. ಆ ಹುಡುಗಿಯನ್ನು ಕರೆಸಿದರೆ ದಯವಿಟ್ಟು ಅವಳ ಶ್ರುತಿಯಲ್ಲೇ ಹಾಡು ಕೊಡಿ. ಮತ್ತೆ ಚರಣದ ನಡುವೆ ಕ್ಯಾಮೆರಾವನ್ನು ಜಡ್ಜುಗಳ ಮುಖಕ್ಕೆ ತಿರುಗಿಸಿ "ವಾವ್" ಅನ್ನಿಸಬೇಡಿ, ಆ ಸದ್ದಿಗೆ ಹಾಡೇ ಕೇಳಿಸುವುದಿಲ್ಲ ಅಂತ ಅತ್ತೆ ಹೇಳೋಕೆ ಹೇಳಿದ್ದಾರೆ.

ಇತಿ,
ಒಬ್ಬ ವೀಕ್ಷಕಿ